ಟಿವಿ ಎಲ್ಲಿಡೋದು? ಮೊದಲು ಕೂತು ನೋಡಿ

ಹೊಸ ಟಿವಿ ಬಂದ ದಿನ ನಾವು ಯಾರೂ ಜಾಸ್ತಿ ಯೋಚಿಸಲಿಲ್ಲ. ಹಾಲ್‌ನಲ್ಲಿ ಒಂದು ದೊಡ್ಡ ಗೋಡೆ ಖಾಲಿ ಇತ್ತು, ಪ್ಲಗ್ ಪಾಯಿಂಟೂ ಅಲ್ಲೇ ಇತ್ತು. ನಿಂತುಕೊಂಡೇ ಎತ್ತರ ನೋಡಿ, ಪೆನ್ಸಿಲ್‌ನಲ್ಲಿ ಗುರುತು ಮಾಡಿ, ತೂತು ಕೊರೆಸಿಬಿಟ್ಟೆವು. ಮರುದಿನ ಮಧ್ಯಾಹ್ನ ಒಂದು ಸಿನಿಮಾ ಹಾಕಿದೆವು. ರಾತ್ರಿಯ ದೃಶ್ಯ ಬಂದ ಕೂಡಲೇ ಪರದೆ ತುಂಬಾ ನಮ್ಮದೇ ಕಿಟಕಿ. ಅದರ ಸರಳುಗಳನ್ನು ಎಣಿಸಬಹುದಿತ್ತು. ಇನ್ನೊಂದು ವಾರಕ್ಕೆ ಅಮ್ಮ ಕತ್ತು ನೋಯುತ್ತಿದೆ ಅಂದರು.

ಆಮೇಲೆ ಅರ್ಥವಾಯಿತು, ನಾವು ಶುರು ಮಾಡಿದ ಕಡೆಯೇ ತಪ್ಪಾಗಿತ್ತು. ಮೊದಲು ಕೂರುವ ಜಾಗ ಗೊತ್ತಾಗಬೇಕು. ಅಲ್ಲಿ ಕೂತವರ ಕಣ್ಣಿಗೆ, ಕತ್ತಿಗೆ, ಕಿವಿಗೆ ಏನು ಬೇಕು ಅಂತ ನೋಡಿಕೊಂಡು ಆಮೇಲೆ ಗೋಡೆ ಹುಡುಕಬೇಕು.

ಎಲ್ಲಕ್ಕಿಂತ ದೊಡ್ಡ ತೊಂದರೆ ಕೊಡೋದು ಬೆಳಕು. ಟಿವಿ ಕಪ್ಪು ಬಣ್ಣವನ್ನು ತಯಾರಿಸೋದಿಲ್ಲ. ಬೆಳಕನ್ನು ತಡೆದಾಗ ಉಳಿಯೋದೇ ಕಪ್ಪು. ಆ ಜಾಗಕ್ಕೆ ಹೊರಗಿನ ಬೆಳಕು ಬಂದು ಬಿದ್ದರೆ, ಟಿವಿ ಎಷ್ಟೇ ಒಳ್ಳೆಯದಿದ್ದರೂ ಅದನ್ನು ಅಳಿಸಲಾರದು. ಸಾಮಾನ್ಯ ಗಾಜಿನ ಒಂದು ಮೈ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟನ್ನು ಕನ್ನಡಿಯ ಹಾಗೆ ವಾಪಸ್ ಕಳಿಸುತ್ತದೆ. ನಾಲ್ಕೇ ತಾನೇ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಹೊಳಪನ್ನು ಅಳೆಯುವ ಮಾನಕ್ಕೆ ನಿಟ್ ಅಂತ ಹೆಸರು. ಹಗಲಲ್ಲಿ ಕಿಟಕಿಯಾಚೆಯ ಬೆಳ್ಳನೆಯ ಆಕಾಶ 5000 ನಿಟ್ ಇದೆ ಅಂದುಕೊಳ್ಳೋಣ. ಅದರಲ್ಲಿ ಶೇಕಡಾ 4 ಅಂದರೆ 200 ನಿಟ್. ಟಿವಿ ಪೂರ್ತಿ ಬಿಳಿ ತೋರಿಸುವಾಗ 300ರಿಂದ 400 ನಿಟ್ ಬರುತ್ತದೆ ಅಂತಿಟ್ಟುಕೊಂಡರೆ, ಕಪ್ಪಾಗಿ ಇರಬೇಕಾದ ಜಾಗ ಆ ಬಿಳಿಯ ಅರ್ಧದಷ್ಟಾದರೂ ಹೊಳೆಯುತ್ತಿರುತ್ತದೆ! ಕ್ರಿಕೆಟ್ ಮೈದಾನದ ಹಸಿರು ಹೇಗೋ ಕಂಡೀತು. ಕತ್ತಲ ಕೋಣೆಯಲ್ಲಿ ನಿಂತ ಮುಖ ಕಾಣೋದೇ ಇಲ್ಲ.

ಪರದೆಗೆ ಪ್ರತಿಫಲನ ತಗ್ಗಿಸುವ ಲೇಪನ ಇದ್ದರೆ ಇದು ಎಷ್ಟೋ ಕಡಿಮೆಯಾಗುತ್ತದೆ. ಮಂಕು (ಮ್ಯಾಟ್) ಪರದೆಗಳಲ್ಲಿ ಕಿಟಕಿಯ ಆಕಾರ ಕಾಣೋದಿಲ್ಲ, ಆದರೆ ಬೆಳಕು ಚದುರಿ ಚಿತ್ರದ ಮೇಲೆಲ್ಲ ತೆಳುವಾದ ಮಂಜಿನ ಹಾಗೆ ಹರಡುತ್ತದೆ.

ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಒಬ್ಬರು ಸೋಫಾದಲ್ಲಿ ಕೂರಲಿ. ಇನ್ನೊಬ್ಬರು ಟಿವಿ ಬರಬೇಕಾದ ಜಾಗದಲ್ಲಿ ಗೋಡೆಗೆ ಅಂಟಿಸಿದ ಹಾಗೆ ಒಂದು ಕನ್ನಡಿ ಹಿಡಿದು, ಮೆಲ್ಲಗೆ ಆಚೀಚೆ ಸರಿಸಲಿ. ಬೆಳಕು ಬಿದ್ದ ಕೋನದಲ್ಲೇ ತಿರುಗಿ ಬರುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಇಲ್ಲಿ ಕೆಲಸಕ್ಕೆ ಬರೋದು ಅದೇ ನಿಯಮ. ಕೂತವರಿಗೆ ಕನ್ನಡಿಯಲ್ಲಿ ಕಿಟಕಿ ಕಂಡರೆ ನಾಳೆ ಟಿವಿಯಲ್ಲೂ ಕಾಣುತ್ತದೆ. ಟ್ಯೂಬ್‌ಲೈಟ್ ಕಂಡರೆ ಅದೂ ಅಷ್ಟೇ. ಇದನ್ನು ಒಂದೇ ಸಲ ಮಾಡಿ ಸುಮ್ನಾಗಬೇಡಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಬೆಳಗ್ಗೆ ನೆರಳಲ್ಲಿದ್ದ ಗೋಡೆ ಸಂಜೆ ಹೊಳೆಯಬಹುದು.

ಹಾಗಾದರೆ ಕಿಟಕಿ ಇರುವ ಗೋಡೆಗೇ ಟಿವಿ ಇಟ್ಟರೆ ಆಯಿತಲ್ಲ? ಅದರಲ್ಲಿ ಬೇರೆ ಕಷ್ಟ ಇದೆ. ಕಣ್ಣು ಪಕ್ಕದ ಪ್ರಖರ ಬೆಳಕಿಗೆ ಹೊಂದಿಕೊಂಡು ಪಾಪೆಯನ್ನು ಕಿರಿದು ಮಾಡುತ್ತದೆ. ಆ ಬೆಳಕಿನ ಒಂದು ಪಾಲು ಕಣ್ಣಿನೊಳಗೇ ಚದುರಿ ಚಿತ್ರದ ಮೇಲೆ ಮುಸುಕು ಹಾಕುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗುವುದರಿಂದ ಹಿರಿಯರಿಗೆ ಈ ತೊಂದರೆ ಹೆಚ್ಚು. ಹೀಗಾಗಿ ಕಿಟಕಿಯ ಎದುರು ಗೋಡೆಯೂ ಬೇಡ, ಕಿಟಕಿಯ ಗೋಡೆಯೂ ಬೇಡ, ಕಿಟಕಿ ಪಕ್ಕಕ್ಕೆ ಬರುವ ಗೋಡೆ ಒಳ್ಳೆಯದು. ರಾತ್ರಿ ಪೂರ್ತಿ ಕತ್ತಲೆ ಮಾಡಿ ನೋಡುವವರು ಟಿವಿಯ ಹಿಂದೆ ಒಂದು ಮಂದವಾದ ಬಿಳಿ ದೀಪ ಇಟ್ಟು ನೋಡಿ, ಕಣ್ಣಿಗೆ ಎಷ್ಟು ಹಾಯಾಗಿರುತ್ತದೆ.

ಇನ್ನು ದೂರದ ಮಾತು. ಹತ್ತಿರ ಕೂತರೆ ಕಣ್ಣು ಹಾಳಾಗುತ್ತದೆ ಅನ್ನೋ ಬೈಗುಳ ಕೇಳದ ಮಕ್ಕಳಿಲ್ಲ. ಆ ಭಯವನ್ನು ಹೆಚ್ಚಿಸಿದ ಒಂದು ಘಟನೆ 1967ರದ್ದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಲವು ಬಣ್ಣದ ಟಿವಿಗಳಿಂದ ಮಿತಿಗಿಂತ ಜಾಸ್ತಿ ಎಕ್ಸ್-ಕಿರಣ ಬರುತ್ತಿರುವುದು ಗೊತ್ತಾಗಿ ಅವನ್ನು ಸರಿಪಡಿಸಲು ವಾಪಸ್ ಕರೆಸಬೇಕಾಯಿತು. ಅದು ಹೆಚ್ಚಿನ ವೋಲ್ಟೇಜಿನಲ್ಲಿ ಕೆಲಸ ಮಾಡುವ ನಿರ್ವಾತ ಕೊಳವೆಗಳ ಕಾಲ. ಇವತ್ತಿನ ಚಪ್ಪಟೆ ಟಿವಿಯಲ್ಲಿ ಆ ಕೊಳವೆಗಳೇ ಇಲ್ಲ.

ಹಳೆಯ ಟಿವಿಯಿಂದ ದೂರ ಕೂರಲು ಇನ್ನೊಂದು ಕಾರಣವೂ ಇತ್ತು. ಹತ್ತಿರ ಹೋದರೆ ಚಿತ್ರದ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಚೆನ್ನಾಗಿರುವ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸಣ್ಣ ವಿವರವನ್ನು ಬೇರ್ಪಡಿಸಿ ನೋಡಬಲ್ಲದು. ಮೂಲೆಯಿಂದ ಮೂಲೆಗೆ 55 ಇಂಚಿನ ಪರದೆ ಸುಮಾರು 122 ಸೆಂಟಿಮೀಟರ್ ಅಗಲ. ಫುಲ್ ಎಚ್‌ಡಿ ಆದರೆ ಅಡ್ಡಕ್ಕೆ 1920 ಚುಕ್ಕಿಗಳು, ಅಂದರೆ ಒಂದೊಂದು ಚುಕ್ಕಿ 0.63 ಮಿಲಿಮೀಟರ್. ಇವು ಕಣ್ಣಿಗೆ ಒಂದರಲ್ಲೊಂದು ಬೆರೆತುಹೋಗಲು ಸುಮಾರು 2.2 ಮೀಟರ್ ದೂರ ಬೇಕು. 4ಕೆ ಪರದೆಯಲ್ಲಿ ಚುಕ್ಕಿ ಅದರ ಅರ್ಧ, ಹಾಗಾಗಿ 1.1 ಮೀಟರ್ ಸಾಕು. ಇದನ್ನು ತಿರುಗಿಸಿ ಓದಿ: ನಿಮ್ಮ ಸೋಫಾ 4 ಮೀಟರ್ ದೂರ ಇದ್ದರೆ ಆ ಟಿವಿ 4ಕೆ ಆಗಿದ್ದರೂ ಒಂದೇ, ಫುಲ್ ಎಚ್‌ಡಿ ಆಗಿದ್ದರೂ ಹೆಚ್ಚುಕಮ್ಮಿ ಒಂದೇ.

ಪರದೆ ಕಣ್ಣಿನ ಮುಂದೆ ಅಡ್ಡಕ್ಕೆ 30 ಡಿಗ್ರಿಯಷ್ಟಾದರೂ ತುಂಬಬೇಕು ಅನ್ನೋದು ಸಿನಿಮಾ ತಂತ್ರಜ್ಞರ ಹಳೆಯ ಲೆಕ್ಕ. 55 ಇಂಚಿಗೆ ಅದು ಸುಮಾರು 2.3 ಮೀಟರ್ ಆಗುತ್ತದೆ. ಸುದ್ದಿ, ಧಾರಾವಾಹಿ ನೋಡುವ ಮನೆಗೆ ಸ್ವಲ್ಪ ಜಾಸ್ತಿ ದೂರವೇ ಹಿತ ಅಂತ ನನಗನ್ನಿಸುತ್ತದೆ.

ಎತ್ತರದ ವಿಷಯದಲ್ಲಿ ಮಾತ್ರ ನನ್ನದು ಗಟ್ಟಿ ಅಭಿಪ್ರಾಯ. ಜನ ಟಿವಿಯನ್ನು ತುಂಬಾ ಮೇಲೆ ಹಾಕುತ್ತಾರೆ. ನಾವು ಆರಾಮವಾಗಿ ಕೂತಾಗ ನೋಟ ತಾನಾಗಿಯೇ ಸ್ವಲ್ಪ ಕೆಳಗಿಳಿಯುತ್ತದೆ. ಅಮ್ಮನನ್ನು ಸೋಫಾದಲ್ಲಿ ಕೂರಿಸಿ ಟೇಪ್ ಹಿಡಿದು ಅಳೆದೆ. ನೆಲದಿಂದ ಕಣ್ಣಿಗೆ 104 ಸೆಂಟಿಮೀಟರ್. ನಾವು ಟಿವಿ ತೂಗುಹಾಕಿದ್ದ ಕಡೆ ಪರದೆಯ ನಡುಭಾಗವೇ 150ರಲ್ಲಿತ್ತು! ಮೇಲಂಚು 184. ಎರಡೂವರೆ ಮೀಟರ್ ದೂರದಿಂದ ಆ ಅಂಚು ನೋಡಲು ಸುಮಾರು 18 ಡಿಗ್ರಿ ಮೇಲೆ ನೋಡಬೇಕು. ನಾಲ್ಕೈದು ಕಿಲೋ ತೂಕದ ತಲೆಯನ್ನು ಹಿಂದಕ್ಕೆ ವಾಲಿಸಿಕೊಂಡು ಎರಡು ಗಂಟೆ ಕೂತರೆ ಕತ್ತು ನೋಯದೆ ಇನ್ನೇನು? ಕಣ್ಣಿಗೂ ಅದು ಒಳ್ಳೆಯದಲ್ಲ. ಮೇಲೆ ನೋಡುವಾಗ ರೆಪ್ಪೆ ಜಾಸ್ತಿ ತೆರೆದುಕೊಂಡು ಕಣ್ಣೀರಿನ ತೆಳು ಪದರ ಬೇಗ ಆರುತ್ತದೆ, ಉರಿ ಶುರುವಾಗುತ್ತದೆ.

ಸೋಫಾದ ತುದಿಯಲ್ಲಿ ಕೂರುವವರನ್ನೂ ಮರೆಯಬಾರದು. ಎಲ್‌ಸಿಡಿ ಟಿವಿಗಳಲ್ಲಿ ವಿಎ ಜಾತಿಯ ಪರದೆ ಎದುರಿನಿಂದ ಒಳ್ಳೆಯ ಕಪ್ಪು ಕೊಡುತ್ತದೆ, ಓರೆಯಿಂದ ನೋಡಿದರೆ ಬಣ್ಣ ತೊಳೆದ ಹಾಗಾಗುತ್ತದೆ. ಐಪಿಎಸ್ ಅನ್ನೋ ಇನ್ನೊಂದು ಜಾತಿಯ ಎಲ್‌ಸಿಡಿಯಲ್ಲೂ, ಓಎಲ್‌ಇಡಿ ಟಿವಿಯಲ್ಲೂ ಆ ತೊಂದರೆ ಕಡಿಮೆ.

ಮಾತು ಸ್ಪಷ್ಟವಾಗಿ ಕೇಳುತ್ತಿಲ್ಲ ಅಂದರೆ ಅದಕ್ಕೂ ಜಾಗವೇ ಕಾರಣ ಇರಬಹುದು. ತೆಳು ಟಿವಿಗಳ ಸ್ಪೀಕರ್ ಎಷ್ಟೋ ಸಲ ಕೆಳಮುಖವಾಗಿಯೋ ಹಿಮ್ಮುಖವಾಗಿಯೋ ಇರುತ್ತದೆ. ಗೋಡೆಗಳು ಕೂಡುವ ಮೂಲೆಯಲ್ಲಿಟ್ಟರೆ ತಗ್ಗಿನ ಸ್ವರ (ಬೇಸ್) ಉಬ್ಬಿ ಮಾತನ್ನು ಮುಚ್ಚುತ್ತದೆ. ಮುಚ್ಚಿದ ಗೂಡಿನೊಳಗೆ ಸಿಕ್ಕಿಸಿದರೆ ದನಿಯೂ ಅಲ್ಲೇ, ಬಿಸಿಯೂ ಅಲ್ಲೇ. ಸ್ಟ್ಯಾಂಡ್ ಮೇಲೆ ಇಡುವುದಾದರೆ, ಮನೆಯಲ್ಲಿ ಹತ್ತುವ ವಯಸ್ಸಿನ ಮಕ್ಕಳಿದ್ದರೆ, ಪಟ್ಟಿ ಹಾಕಿ ಗೋಡೆಗೆ ಕಟ್ಟಲೇಬೇಕು. ಮಗು ಎಳೆದಾಗ ಟಿವಿ ಮೈಮೇಲೆ ಬಿದ್ದು ಜೀವ ಹೋದ ಘಟನೆಗಳು ನಡೆದಿವೆ.

ಎರಡನೇ ಸಲ ನಾವು ಅವಸರ ಮಾಡಲಿಲ್ಲ. ಹಳೆಯ ಪೇಪರ್ ಜೋಡಿಸಿ 122ಕ್ಕೆ 68 ಸೆಂಟಿಮೀಟರಿನ ಒಂದು ಹಾಳೆ ಮಾಡಿದೆವು. ಕಿಟಕಿಯ ಪಕ್ಕದ ಗೋಡೆಗೆ, ಕೆಳ ಅಂಚು ನೆಲದಿಂದ 66 ಸೆಂಟಿಮೀಟರಿಗೆ ಬರುವ ಹಾಗೆ ಟೇಪ್ ಹಾಕಿ ಅಂಟಿಸಿದೆವು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಕನ್ನಡಿ ಹಿಡಿದು ನೋಡಿದೆ. ಸಂಜೆ ಐದಕ್ಕೆ ಮೂಲೆಯಲ್ಲಿ ಒಂದು ಬೆಳಕಿನ ಪಟ್ಟಿ ಕಂಡಿತು, ಸೋಫಾವನ್ನು ಒಂದು ಗೇಣು ಸರಿಸಿದ ಮೇಲೆ ಅದೂ ಹೋಯಿತು. ಅಮ್ಮ ದಿಂಬಿಗೆ ಒರಗಿ ಆ ಖಾಲಿ ಪೇಪರನ್ನೇ ಸ್ವಲ್ಪ ಹೊತ್ತು ನೋಡಿದರು. "ಇಲ್ಲಿ ಕತ್ತು ಎತ್ತಬೇಕಾಗಿಲ್ಲ, ಇಲ್ಲೇ ಇರಲಿ" ಅಂದರು. ಪೇಪರ್ ಇನ್ನೂ ಎರಡು ದಿನ ಅಲ್ಲೇ ಇತ್ತು, ಆಮೇಲೆ ಡ್ರಿಲ್ ತರಿಸಿದೆವು.