ಬೆಚ್ಚಿಬೀಳಿಸುವ ನೀರು

ದಾವಣಗೆರೆಯ ಯಾವ ಬಡಾವಣೆಯಲ್ಲಾದರೂ ಬೆಳಿಗ್ಗೆ ಒಂದು ಸುತ್ತು ಹಾಕಿ ಬನ್ನಿ. ಗೇಟಿನ ಪಕ್ಕದಲ್ಲಿ, ಕಾಂಪೌಂಡಿನ ಮೂಲೆಯಲ್ಲಿ, ನಿಲ್ಲಿಸಿದ ಬೈಕಿನ ಚಕ್ರದ ಬಳಿ ನೀಲಿ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಗಳು ಕಾಣುತ್ತವೆ. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬೆರೆಸಿ ಇಟ್ಟರೆ ನಾಯಿ ಅಲ್ಲಿ ಕಾಲೆತ್ತುವುದಿಲ್ಲ ಎಂಬುದು ನಂಬಿಕೆ. ನಾಯಿಗೆ ನೀಲಿ ಚೆನ್ನಾಗಿಯೇ ಕಾಣುತ್ತದೆ. ಅದರ ಕಣ್ಣು ಸ್ಪಷ್ಟವಾಗಿ ಬೇರ್ಪಡಿಸುವ ಬಣ್ಣಗಳು ನೀಲಿ ಮತ್ತು ಹಳದಿ. ಆದರೆ ಕಾಣುವುದಕ್ಕೂ ಹೆದರುವುದಕ್ಕೂ ಸಂಬಂಧವಿಲ್ಲ. ಆ ಬಾಟಲಿಯ ಮೇಲೆಯೇ ಕಾಲೆತ್ತಿ ಹೋದ ನಾಯಿಯನ್ನು ನಾನೇ ನೋಡಿದ್ದೇನೆ.

ಅದೇ ಬಾಟಲಿಯ ನೀರು ಹೇಳದೆ ಕೇಳದೆ ಮೂತಿಗೆ ರಾಚಿದರೆ ನಾಯಿ ಬಾಲ ಮುದುರಿ ಓಡುತ್ತದೆ. ಇದನ್ನೇ ನೆಚ್ಚಿ ಒಂದು ಯಂತ್ರ ಹುಟ್ಟಿದೆ. ಎದುರಿಗೆ ಜೀವಿಯೊಂದು ಹಾದುಹೋದರೆ ತಾನೇ ಗುರುತಿಸಿ, ಥಟ್ಟನೆ ನೀರು ಚಿಮ್ಮಿಸಿ, ಐದಾರು ಸೆಕೆಂಡಿಗೆ ತಾನೇ ಸುಮ್ಮನಾಗುವ ಯಂತ್ರ. ಹೊರದೇಶಗಳಲ್ಲಿ ಹೂದೋಟಕ್ಕೆ ನುಗ್ಗುವ ಜಿಂಕೆ, ಬೆಕ್ಕುಗಳನ್ನೂ ಮೀನಿನ ಕೊಳಕ್ಕೆ ಬರುವ ಬಕಪಕ್ಷಿಗಳನ್ನೂ ಓಡಿಸಲು ಇದನ್ನು ನೆಡುತ್ತಾರೆ. ಬಿಡಿಭಾಗ ತಂದು ಮನೆಯಲ್ಲೂ ಕಟ್ಟಿಕೊಳ್ಳಬಹುದು. ಚಿತ್ರದುರ್ಗದಲ್ಲಿ ನಮ್ಮ ಮನೆ ಇರುವುದು ಜೋಗಿಮಟ್ಟಿಯ ಕಡೆ ಹೋಗುವ ದಾರಿಯಲ್ಲಿ. ಗುಡ್ಡದಿಂದ ಇಳಿಯುವ ಕೋತಿಗಳು ಪಪ್ಪಾಯಿ, ಸೀಬೆ ಯಾವುದನ್ನೂ ಹಣ್ಣಾಗಲು ಬಿಡುತ್ತಿರಲಿಲ್ಲ. ಹಾಗಾಗಿ ಎರಡು ವರ್ಷದ ಹಿಂದೆ ನಾನೂ ಒಂದನ್ನು ಕಟ್ಟಿದೆ.

ಇದರ ಕಣ್ಣಿನ ಕಥೆ ಶ್ರೀಲಂಕಾದ ಒಂದು ಕಲ್ಲಿನಿಂದ ಶುರುವಾಗುತ್ತದೆ. ಹದಿನೆಂಟನೇ ಶತಮಾನದ ಆರಂಭದಲ್ಲಿ ಡಚ್ ವ್ಯಾಪಾರಿಗಳು ಅಲ್ಲಿಂದ ಟೂರ್ಮಲಿನ್ ಎಂಬ ಹರಳನ್ನು ಯುರೋಪಿಗೆ ಒಯ್ದರು. ಕೆಂಡದ ಪಕ್ಕದಲ್ಲಿಟ್ಟರೆ ಅದು ಬೂದಿಯನ್ನು ತನ್ನತ್ತ ಸೆಳೆದುಕೊಳ್ಳುತ್ತಿತ್ತು. ಡಚ್ಚರು ಅದನ್ನು ‘ಬೂದಿ ಸೆಳೆಯುವ ಕಲ್ಲು’ ಎಂದೇ ಕರೆದರು. ಕೆಲವು ಹರಳುಗಳ ಬಿಸಿ ಏರಿದಾಗ ಇಲ್ಲವೇ ಇಳಿದಾಗ ಅವುಗಳ ಎರಡು ಮುಖಗಳಲ್ಲಿ ವಿದ್ಯುದಂಶ ಕಾಣಿಸಿಕೊಳ್ಳುತ್ತದೆ. 1824ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಈ ಗುಣಕ್ಕೆ ಪೈರೊಎಲೆಕ್ಟ್ರಿಸಿಟಿ ಎಂದು ಹೆಸರಿಟ್ಟ. ಹರಳು ಬಿಸಿಯಾಗಿ ಇದ್ದರೆ ಸಾಲದು, ಅದರ ಬಿಸಿ ಬದಲಾಗುತ್ತಿರಬೇಕು. ಯಂತ್ರದ ಗುಟ್ಟೆಲ್ಲ ಆ ಬದಲಾವಣೆಯಲ್ಲಿದೆ.

ಇಂದು ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗುವ, ಚಲಿಸುವ ಬಿಸಿಯನ್ನು ಗುರುತಿಸುವ ಪಿಐಆರ್ ಸಂವೇದಕದೊಳಗೆ ಇರುವುದು ಇದೇ ಗುಣದ ಎರಡು ಪುಟ್ಟ ತುಣುಕುಗಳು. ನಮ್ಮ ಮೈ, ಕೋತಿಯ ಮೈ, ಹಂದಿಯ ಮೈ ಎಲ್ಲವೂ ಹಗಲಿರುಳು ಕಣ್ಣಿಗೆ ಕಾಣದ ಬೆಳಕನ್ನು ಸೂಸುತ್ತಿರುತ್ತವೆ. ಅದು 9–10 ಮೈಕ್ರೊಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಅತಿ ಹೆಚ್ಚು. ಎರಡು ತುಣುಕುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಬಿಸಿಲೇರಿ ಎರಡೂ ಒಟ್ಟಿಗೆ ಕಾದರೆ ಲೆಕ್ಕ ವಜಾ ಆಗಿ ಸೊನ್ನೆ ಉಳಿಯುತ್ತದೆ. ಪ್ರಾಣಿಯೊಂದು ಅಡ್ಡ ಹಾದರೆ ಅದರ ಬಿಸಿ ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ತಾಗಿ ಒಂದು ಏರಿಳಿತ ಹುಟ್ಟುತ್ತದೆ. ಮೇಲೆ ಕೂತಿರುವ, ಹಾಲಿನ ಬಣ್ಣದ ಗುಮ್ಮಟದಂಥ ಪ್ಲಾಸ್ಟಿಕ್ಕನ್ನು ಬೆಳಕಿಗೆ ಹಿಡಿದು ನೋಡಿ, ಸಣ್ಣ ಸಣ್ಣ ಮನೆಗಳು ಕಾಣುತ್ತವೆ. ಒಂದೊಂದೂ ಒಂದೊಂದು ಮಸೂರ. ದೀಪಸ್ತಂಭಗಳಿಗಾಗಿ ಫ್ರಾನ್ಸಿನ ಫ್ರೆನೆಲ್ ರೂಪಿಸಿದ ಚಪ್ಪಟೆ ಮಸೂರದ ಮರಿಗಳು. ಗಾಜನ್ನು ಬಳಸದಿರಲು ಕಾರಣವಿದೆ. ನಮಗೆ ಪಾರದರ್ಶಕವಾದ ಗಾಜು ಈ ಕಿರಣಗಳಿಗೆ ಗೋಡೆ. ನಮಗೆ ಮಬ್ಬಾದ ಈ ಪಾಲಿಥೀನ್ ಅವುಗಳಿಗೆ ಕಿಟಕಿ. ಅಂಗಳಕ್ಕೆ ಮುಖ ಮಾಡಿ ಕಿಟಕಿ ಗಾಜಿನ ಹಿಂದೆ ಸಂವೇದಕ ಇಟ್ಟು ‘ಕೆಲಸ ಮಾಡುತ್ತಿಲ್ಲ’ ಎನ್ನುವವರು ಈ ಒಂದು ಸಂಗತಿಯನ್ನು ಗಮನಿಸಿದರೆ ಸಾಕು. ಇನ್ನೊಂದು: ನೇರ ಎದುರಿಗೆ ನಡೆದು ಬರುವ ಪ್ರಾಣಿಗಿಂತ ಅಡ್ಡ ಹಾಯುವ ಪ್ರಾಣಿ ಇದಕ್ಕೆ ಬೇಗ ಕಾಣುತ್ತದೆ.

ತಂಪು ನಾಡಿನ ಹುಲ್ಲುಹಾಸಿಗೆ ರೂಪುಗೊಂಡ ಈ ಯಂತ್ರ ನಮ್ಮ ಬಂಡೆಯೂರಿಗೆ ಬಂದಾಗ ತೊಡಕು ಶುರು. ಹೊರಗೆ 18 ಡಿಗ್ರಿ, ಪ್ರಾಣಿಯ ಮೈಮೇಲೆ 32 ಡಿಗ್ರಿ ಇದ್ದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಚಿತ್ರದುರ್ಗದ ಬೇಸಿಗೆ ಮಧ್ಯಾಹ್ನ ನೆರಳಿನ ಗೋಡೆಯೇ 35–36 ಡಿಗ್ರಿ ಮುಟ್ಟುತ್ತದೆ. ಕೋತಿಯ ಮೈಯೂ ಅಷ್ಟೇ, ಗೋಡೆಯೂ ಅಷ್ಟೇ. ಸಂವೇದಕದ ಎರಡೇ ಗಜ ದೂರದಲ್ಲಿ ಕೂತು ಸೀಬೆಕಾಯಿ ಕಡಿಯುತ್ತಿದ್ದ ಗಂಡು ಕೋತಿ ಅದಕ್ಕೆ ಕಾಣಲೇ ಇಲ್ಲ. ಅದೇ ಹೊತ್ತಿಗೆ ಬಿಸಿಗಾಳಿ ಬೀಸಿ, ಕಾದ ಕಲ್ಲಿನ ಮುಂದೆ ಬಾಳೆ ಎಲೆ ಅಲುಗಾಡಿದರೆ ಯಂತ್ರ ಯಾರೂ ಇಲ್ಲದ ಜಾಗಕ್ಕೆ ನೀರು ಎರಚುತ್ತದೆ. ಮುಂಜಾನೆ ಮತ್ತು ರಾತ್ರಿ ಮಾತ್ರ ಅದರ ಕಣ್ಣು ಚುರುಕು. ಹಾವಿನ ಕಾವಲಿಗೆ ಇಡಬಹುದೇ ಎಂದು ಕೇಳಿದವರೂ ಇದ್ದಾರೆ. ಆಗುವುದಿಲ್ಲ, ಹಾವಿನ ಮೈ ಸುತ್ತಲಿನ ನೆಲದಷ್ಟೇ ಬಿಸಿ ಅಥವಾ ತಂಪು. ನವಿಲಿಗೆ ಗರಿಯೇ ಕಂಬಳಿ, ಒಳಗಿನ ಬಿಸಿ ಹೊರಗೆ ತೋರುವುದು ಕಡಿಮೆ.

ನೀರಿನ ಬಾಗಿಲು ತೆರೆಯುವ ಸೊಲೆನಾಯ್ಡ್ ಕವಾಟ ನನಗೆ ಬಹಳ ಇಷ್ಟವಾದ ಭಾಗ. ನಾಲ್ಕು ಪೆನ್ಸಿಲ್ ಸೆಲ್ಲಿನ ಶಕ್ತಿಗೆ ಕೊಳವೆಯ ನೀರನ್ನು ತಡೆದು ಬಿಡುವ ಬಲ ಎಲ್ಲಿಯದು? ಕವಾಟದೊಳಗೆ ಒಂದು ರಬ್ಬರ್ ತೆರೆ ಇದೆ, ಅದರಲ್ಲಿ ಸೂಜಿಮೊನೆಯಷ್ಟು ರಂಧ್ರ. ರಂಧ್ರದಿಂದ ನುಸುಳಿದ ನೀರು ತೆರೆಯ ಹಿಂದೆ ತುಂಬಿಕೊಂಡು ಅದನ್ನು ಒತ್ತಿ ಹಿಡಿಯುತ್ತದೆ. ಅಂದರೆ ಬಾಗಿಲು ಹಾಕಿ ನಿಂತಿರುವುದು ನೀರೇ. ವಿದ್ಯುತ್ತು ಮಾಡುವುದು ಹಿಂದಿನ ಪುಟ್ಟ ಗೂಟವೊಂದನ್ನು ಎತ್ತುವ ಕೆಲಸ ಮಾತ್ರ. ಹಿಂದಿನ ನೀರು ಸೋರಿಹೋದಾಗ ಮುಂದಿನ ನೀರು ತಾನೇ ಬಾಗಿಲು ತಳ್ಳಿಕೊಂಡು ಬರುತ್ತದೆ. ಆದರೆ ತಳ್ಳಲು ಒತ್ತಡ ಬೇಕಲ್ಲ! ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ವಾತಾವರಣದಷ್ಟು ಒತ್ತಡ. ನಮ್ಮ ತಾರಸಿ ಮೇಲಿನ ಟ್ಯಾಂಕ್ ನಲ್ಲಿಗಿಂತ ನಾಲ್ಕು ಮೀಟರ್ ಮೇಲಿದೆ. ನಾನು ಕಟ್ಟಿದ ಮೊದಲ ಯಂತ್ರದಲ್ಲಿ ನೀರು ಚಿಮ್ಮಲಿಲ್ಲ, ತೊಟ್ಟಿಕ್ಕಿತು. ಪರಿಹಾರ ಮನೆಯಲ್ಲೇ ಇತ್ತು. ಹೊಲಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್‌ಗಳಲ್ಲಿ 12 ವೋಲ್ಟಿನ ಸಣ್ಣ ಪಂಪು ಇರುತ್ತದೆ. ಎಂದೂ ಔಷಧಿ ಮುಟ್ಟದ ಹೊಸ ಪಂಪೊಂದನ್ನು ತಂದು ಕವಾಟದ ಬದಲಿಗೆ ಅದನ್ನೇ ಹಾಕಿದೆ. ಕೊಳವೆ ನೀರಿನ ಯಂತ್ರ ನಿಮಿಷಕ್ಕೆ ಹನ್ನೆರಡು ಲೀಟರ್ ಬಿಟ್ಟರೆ ಐದು ಸೆಕೆಂಡಿನ ಒಂದು ಸಿಡಿತಕ್ಕೆ ಒಂದು ಲೀಟರ್ ಖರ್ಚು; ಈ ಪಂಪಿಗೆ ಅದರ ಮೂರನೇ ಒಂದು ಪಾಲು ಸಾಕು. ವರ್ಷಕ್ಕೆ ಐದಾರು ನೂರು ಮಿಲಿಮೀಟರ್ ಮಳೆ ಕಾಣುವ ಜಿಲ್ಲೆಯಲ್ಲಿ ಇದು ಸಣ್ಣ ಲೆಕ್ಕವಲ್ಲ.

ಯಂತ್ರ ಸರಿಹೋಯಿತು. ಮೊದಲ ದಿನ ‘ಸ್‌ಸ್’ ಎಂದು ನೀರು ಹಾರಿದ ಕೂಡಲೇ ಇಡೀ ಹಿಂಡು ಕಾಂಪೌಂಡ್ ಹಾರಿ ಬೇವಿನ ಮರ ಏರಿತು. ಹಠಾತ್ ಸದ್ದು, ಹಠಾತ್ ಚಲನೆ, ಹಠಾತ್ ಸ್ಪರ್ಶ ಮೂರೂ ಒಟ್ಟಿಗೆ ಬಂದಾಗ ಮೈ ತಾನಾಗಿ ಬೆಚ್ಚುತ್ತದೆ. ಯೋಚನೆಗೆ ಅಲ್ಲಿ ಸಮಯವಿಲ್ಲ. ಆದರೆ ಬೆಚ್ಚುವುದು ಸವೆಯುವ ವಸ್ತು. ಇದನ್ನು ನೀರಿನಿಂದಲೇ ತೋರಿಸಿದ ಪ್ರಯೋಗವೊಂದಿದೆ. 1970ರಲ್ಲಿ ನರವಿಜ್ಞಾನಿ ಎರಿಕ್ ಕ್ಯಾಂಡಲ್ ಮತ್ತು ಸಂಗಡಿಗರು ಕಡಲ ಮೊಲ ಎಂದು ಕರೆಯುವ ಅಪ್ಲಿಸಿಯಾ ಎಂಬ ಬಸವನಹುಳುವಿನ ಬಳಗದ ಜೀವಿಯ ಮೈಗೆ ಸಣ್ಣ ನೀರಿನ ಚಿಲುಮೆ ತಾಗಿಸಿದರು. ಮೊದಲ ಸಲ ಅದು ಕಿವಿರನ್ನು ಪೂರ್ತಿ ಒಳಗೆಳೆದುಕೊಂಡಿತು. ಹತ್ತು ಹದಿನೈದು ಸಲ ಆಗುವಷ್ಟರಲ್ಲಿ ಎಳೆದುಕೊಂಡಂತೆ ಮಾಡಿ ಸುಮ್ಮನಾಯಿತು. ಸ್ಪರ್ಶ ತಿಳಿಯುವ ನರಕೋಶ ಪ್ರತಿ ಸಲವೂ ಮುಂದಿನ ಕೋಶಕ್ಕೆ ಸ್ವಲ್ಪ ಕಡಿಮೆ ರಾಸಾಯನಿಕ ಸಂದೇಶ ಕಳಿಸುತ್ತ ಹೋಗಿತ್ತು. ಬಿಡುವು ಕೊಟ್ಟರೆ ಹಳೆಯ ಬೆಚ್ಚು ಮರಳುತ್ತದೆ. ದಿನಕ್ಕೆ ಹತ್ತು ಸಲದಂತೆ ನಾಲ್ಕು ದಿನ ಹಾಗೆ ಮಾಡಿದರೆ ಮಾತ್ರ, ಆ ಉದಾಸೀನ ಮೂರು ವಾರ ಕಳೆದರೂ ಹೋಗುವುದಿಲ್ಲ. ಕ್ಯಾಂಡಲ್ 2000ದ ನೊಬೆಲ್ ಪಡೆದದ್ದು ಈ ಜೀವಿಯಲ್ಲಿ ಕಲಿಕೆ ಮತ್ತು ನೆನಪನ್ನು ಅರಸಿದ ಕೆಲಸಕ್ಕೆ. ಸುಮಾರು 20,000 ನರಕೋಶಗಳ ಜೀವಿಯೇ ಹೀಗೆ ಕಲಿಯುವುದಾದರೆ ಕೋತಿಯ ಪಾಡು ಹೇಳಬೇಕೆ!

ನಮ್ಮ ಕೋತಿಗಳು ಮೊಂಡುಬಿದ್ದದ್ದು ಒಂಬತ್ತನೇ ದಿನಕ್ಕೆ. ಮಾರ್ಚ್ ಕೊನೆಯ ವಾರ, ಗುಡ್ಡದ ದೊಣೆಗಳೆಲ್ಲ ಬತ್ತಿದ್ದವು. ಮರಿಯನ್ನು ಹೊಟ್ಟೆಗೆ ಅವುಚಿಕೊಂಡ ಹೆಣ್ಣು ಕೋತಿಯೊಂದು ಬೆಳಗಿನ ಆರೂವರೆಗೆ ಯಂತ್ರದ ಎದುರು ಬಂದು ಕೈಯಾಡಿಸಿತು. ನೀರು ಚಿಮ್ಮಿತು. ಅದು ಓಡಲಿಲ್ಲ. ಮುಖ ಓರೆ ಮಾಡಿ, ಗಲ್ಲದಿಂದ ಇಳಿದ ನೀರನ್ನು ಅಂಗೈಯಿಂದ ನೆಕ್ಕಿ, ಮತ್ತೆ ಕೈಯಾಡಿಸಿತು. ಮೂರನೇ ಸಲ ಮರಿಯೂ ಬಾಯಿ ಒಡ್ಡಿತು. ನಾನು ಅಂದೇ ಯಂತ್ರದ ತಂತಿ ಬಿಚ್ಚಿದೆ. ನೀರಿನ ಬರ ಇರುವಲ್ಲಿ ನೀರನ್ನು ಬೆದರಿಕೆಯಾಗಿ ಬಳಸಲು ಆಗುವುದಿಲ್ಲ. ಅದು ಬಾಯಾರಿದವರಿಗೆ ಕರೆಯೋಲೆಯಾಗುತ್ತದೆ.

ನೀರಿಗೆ ಮೆಣಸಿನಪುಡಿ ಬೆರೆಸಿ ಎಂದು ಸಲಹೆ ಕೊಟ್ಟವರಿಗೆ ನನ್ನ ಉತ್ತರ ಖಡಾಖಂಡಿತ: ಬೇಡ. ಖಾರದ ಸತ್ವವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದೇ ಅಷ್ಟಕ್ಕಷ್ಟೆ. ಪುಡಿ ನಳಿಕೆಯಲ್ಲಿ ಕಟ್ಟಿಕೊಳ್ಳುತ್ತದೆ. ಹಕ್ಕಿಗಳಿಗೆ ಅದು ತಾಗುವುದೇ ಇಲ್ಲ. ಸುಡುಬಿಸಿಯನ್ನೂ ಖಾರವನ್ನೂ ಒಂದೇ ಎಂದು ಸಾರುವ ನರದ ಗ್ರಾಹಕ (ರಿಸೆಪ್ಟರ್) ನಮಗೂ ಕೋತಿಗೂ ಇದ್ದಂತೆ ಹಕ್ಕಿಗೂ ಇದೆ, ಆದರೆ ಅದರದು ಕ್ಯಾಪ್ಸೈಸಿನ್‌ಗೆ ಕಿವುಡು. ಆ ಗ್ರಾಹಕವನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಎಲ್ಲಕ್ಕಿಂತ ಮಿಗಿಲಾಗಿ, ಯಂತ್ರಕ್ಕೆ ಕಳ್ಳ ಯಾರು, ಹಾಲು ಹಾಕಲು ಬಂದ ಹುಡುಗ ಯಾರು ಎಂಬುದು ಗೊತ್ತಿಲ್ಲ. ಅದಕ್ಕೆ ಕಾಣುವುದು ಚಲಿಸುವ ಬಿಸಿ ಮಾತ್ರ. ಬರಿಯ ನೀರಾದರೆ ಒದ್ದೆ ಬಟ್ಟೆಗೆ ಮುಗಿಯುತ್ತದೆ. ಮಗುವಿನ ಕಣ್ಣಿಗೆ ಖಾರ ಹೋದರೆ ಯಾವ ಪಪ್ಪಾಯಿಯೂ ಅದಕ್ಕೆ ಸಮವಲ್ಲ.

ಹಾಗೆಂದು ಯಂತ್ರವನ್ನು ನಾನು ಅಟ್ಟಕ್ಕೆ ಎಸೆಯಲಿಲ್ಲ. ಜಗಳೂರಿನ ಕಡೆ ನಮ್ಮ ಸಂಬಂಧಿಕರ ಮೆಕ್ಕೆಜೋಳದ ಹೊಲವಿದೆ. ತೆನೆಗೆ ಹಾಲು ತುಂಬುವ ಹೊತ್ತಿಗೆ ಕಾಡುಹಂದಿ ಬೀಳುತ್ತವೆ. ಒಂದು ರಾತ್ರಿಗೆ ನಾಲ್ಕು ಸಾಲು ಮಲಗಿಸಿ ಹೋಗುತ್ತವೆ. ಸುತ್ತ ಹಳೆಯ ಸೀರೆ ಕಟ್ಟುತ್ತಾರೆ, ಅಟ್ಟಣೆ ಏರಿ ಡಬ್ಬ ಬಡಿಯುತ್ತಾರೆ, ನಿದ್ದೆಗೆಡುತ್ತಾರೆ. ಕೆಲವರು ಬೇಲಿಗೆ ನೇರ ಕರೆಂಟು ಹರಿಸುತ್ತಾರೆ, ಸಿಡಿಮದ್ದು ಇಡುತ್ತಾರೆ. ಇವೆರಡೂ ಅಪರಾಧ, ಅದಕ್ಕಿಂತ ಹೆಚ್ಚಾಗಿ, ಆ ತಂತಿ ತುಳಿದು ಸಾಯುವವರಲ್ಲಿ ನೀರು ಕಟ್ಟಲು ಹೋದ ಮನುಷ್ಯರೂ ಇರುತ್ತಾರೆ, ಮದ್ದು ಕಚ್ಚಿ ಬಾಯಿ ಒಡೆದುಕೊಳ್ಳುವುದರಲ್ಲಿ ಹಸುಗಳೂ ಇರುತ್ತವೆ. ರೈತನ ನಷ್ಟ ನಿಜ, ಅವನ ಸಿಟ್ಟೂ ನ್ಯಾಯವೇ. ಆ ಸಿಟ್ಟಿಗೆ ಕೊಲ್ಲದ ಸಾಧನವೊಂದನ್ನು ಕೊಡಬೇಕೆಂಬುದು ನನ್ನ ಹಂಬಲ.

ಕಳೆದ ಆಗಸ್ಟ್ ಕೊನೆಯಲ್ಲಿ ಯಂತ್ರವನ್ನು ಅಲ್ಲಿಗೆ ಒಯ್ದೆವು. ಇನ್ನೂರು ಲೀಟರಿನ ಡ್ರಮ್ಮು, ಪಂಪು, ಬ್ಯಾಟರಿ. ಕತ್ತಲಾದ ಮೇಲೆ ಮಾತ್ರ ಎಚ್ಚರವಾಗುವಂತೆ ಬೆಳಕಿನ ಸಂವೇದಕವೊಂದು. ಹೊಲ ತುಂಬ ಎರಚಲು ಹೋಗಲಿಲ್ಲ. ಹಂದಿ ನುಗ್ಗುವ ಕಂಡಿಯನ್ನು ಸೀರೆ ಬೇಲಿಯಲ್ಲಿ ಹುಡುಕಿ, ಹಂದಿ ಅಡ್ಡ ಹಾಯುವಂತೆ ಯಂತ್ರವನ್ನು ಓರೆಯಾಗಿ ನೆಟ್ಟೆವು. ರಾತ್ರಿಗೆ ಎರಡು ಮೂರು ಸಲಕ್ಕಿಂತ ಹೆಚ್ಚು ಹಾರದಂತೆ ಸಮಯ ಹೊಂದಿಸಿದೆವು, ಬೆಚ್ಚು ಸವೆಯಬಾರದಲ್ಲ. ಮೊದಲ ರಾತ್ರಿ ಎರಡೂವರೆಯ ಹೊತ್ತಿಗೆ ‘ಸ್‌ಸ್’ ಎಂದಿತು. ಬೆನ್ನಿಗೇ ಒಂದು ಗುಟುರು, ಒಣ ಗರಿಗಳು ಮುರಿಯುವ ಸದ್ದು, ಆಮೇಲೆ ಮೌನ. ಬೆಳಕು ಹರಿದ ಮೇಲೆ ಹೋಗಿ ನೋಡಿದರೆ ಒದ್ದೆ ಎರೆಮಣ್ಣಿನಲ್ಲಿ ಗೊರಸಿನ ಗುರುತುಗಳು ಸಾಲಾಗಿ ಬಂದು, ಕಂಡಿಯಿಂದ ಒಂದು ಮಾರು ಒಳಗೆ ಆಳವಾಗಿ ಹೂತು, ಎರಡು ಬೆರಳೂ ಅಗಲಿಸಿಕೊಂಡು ಅಲ್ಲೇ ಹಿಂದಕ್ಕೆ ತಿರುಗಿದ್ದವು. ಮೂರನೇ ದಿನ ಯಂತ್ರವನ್ನು ಅಲ್ಲಿಂದ ಕಿತ್ತು ಮುಂದಿನ ಕಂಡಿಗೆ ನೆಟ್ಟೆವು.