ಬಾವಿ ಉಪ್ಪಾದರೂ ಮತ ಹಸಿರಾಗುವುದಿಲ್ಲ ಯಾಕೆ?

1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ನಿಂತ ಅಭ್ಯರ್ಥಿಗಳಲ್ಲಿ ಒಬ್ಬರಿಗೆ 87 ವರ್ಷ. ಊರು ಕೋಟ, ಹೆಸರು ಶಿವರಾಮ ಕಾರಂತ. ಜ್ಞಾನಪೀಠ ಬಂದು ದಶಕವೇ ಕಳೆದಿತ್ತು. ಓದುಬರಹ ಬಲ್ಲ ಕನ್ನಡಿಗರಲ್ಲಿ ಅವರನ್ನು ಗೊತ್ತಿಲ್ಲದವರು ಇರಲಿಲ್ಲ ಎನ್ನಬೇಕು. ಕೈಗಾದಲ್ಲಿ ಅಣುಸ್ಥಾವರ ಬೇಡ, ಘಟ್ಟದ ಕಾಡು ಉಳಿಯಲಿ ಅನ್ನುವುದೇ ಅವರು ಜನರ ಮುಂದಿಟ್ಟ ವಿಷಯ. ಗೆದ್ದವರು ಕಾಂಗ್ರೆಸ್ಸಿನ ದೇವರಾಯ ನಾಯ್ಕ. ಕೈಗಾ 2000ರಲ್ಲಿ ವಾಣಿಜ್ಯ ಮಟ್ಟದಲ್ಲಿ ವಿದ್ಯುತ್ ಕೊಡಲು ಶುರು ಮಾಡಿತು.

ಈ ಕಥೆ ಹೇಳಿದಾಗ ನಮ್ಮಲ್ಲಿ ಬರುವ ಉತ್ತರ ಒಂದೇ. "ಜನರಿಗೆ ಪರಿಸರ ಬೇಡ ಮಾರಾಯ್ರೆ, ಯಾರಿಗೆ ಬೇಕು ಅದೆಲ್ಲ?" ನನಗೆ ಇದು ಸೋಮಾರಿ ಉತ್ತರ ಅನಿಸುತ್ತದೆ. ಮೇ ತಿಂಗಳಲ್ಲಿ ಮಂಗಳೂರಿನ ಯಾವ ಅಂಗಡಿ ಮುಂದೆ ನಿಂತರೂ ತುಂಬೆ ಅಣೆಕಟ್ಟಿನಲ್ಲಿ ನೀರೆಷ್ಟು ಉಂಟು ಅನ್ನುವ ಮಾತು ಕಿವಿಗೆ ಬೀಳುತ್ತದೆ. ಉಡುಪಿಯಲ್ಲಾದರೆ ಬಜೆ ಅಣೆಕಟ್ಟು. ಜನರಿಗೆ ಕಾಳಜಿ ಇದೆ. ಅದು ಮತಪೆಟ್ಟಿಗೆ ತಲುಪುವಷ್ಟರಲ್ಲಿ ಎಲ್ಲಿ ಸೋರಿಹೋಗುತ್ತದೆ ಅನ್ನುವುದು ಪ್ರಶ್ನೆ. ಇದನ್ನು ಹುಡುಕುತ್ತಾ ರಾಜ್ಯಶಾಸ್ತ್ರದವರು, ಮನಃಶಾಸ್ತ್ರದವರು ಅರ್ಧ ಶತಮಾನಕ್ಕಿಂತ ಜಾಸ್ತಿ ಕಾಲದಿಂದ ಲೆಕ್ಕ ಹಾಕುತ್ತಿದ್ದಾರೆ.

ಮೊದಲು ಸಮೀಕ್ಷೆಯ ವಿಷಯ. ಪಡುಬಿದ್ರಿ ಕಡೆಯ ಒಬ್ಬರು ಅಕ್ಕನನ್ನು ಕೇಳುತ್ತೀರಿ ಅಂದುಕೊಳ್ಳಿ: "ಅಕ್ಕ, ನದಿ, ಸಮುದ್ರ, ಗಾಳಿ ಹಾಳಾಗುತ್ತಿರುವುದರ ಬಗ್ಗೆ ನಿಮಗೆ ಚಿಂತೆ ಇದೆಯಾ?" ಇದೆ ಅಂತಲೇ ಹೇಳುತ್ತಾರೆ. ಇಲ್ಲ ಅನ್ನುವುದಕ್ಕೆ ಯಾರಿಗೂ ಮುಜುಗರ. ಅವರನ್ನೇ ಇನ್ನೊಂದು ರೀತಿ ಕೇಳಿ: "ಈಗ ನಮ್ಮ ಮುಂದಿರುವ ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಯಾವುದು?" ಮಗನಿಗೆ ಕೆಲಸ ಸಿಕ್ಕಿಲ್ಲ, ಗ್ಯಾಸ್ ರೇಟು, ಮೀನಿನ ರೇಟು. ಪರಿಸರ ಬಂದರೂ ಕೊನೆಗೆ ಬರುತ್ತದೆ. ಎರಡನೆಯ ಪ್ರಶ್ನೆಯನ್ನು ಅಮೆರಿಕದ ಗ್ಯಾಲಪ್ ಸಂಸ್ಥೆ 1930ರ ದಶಕದಿಂದಲೂ ಕೇಳುತ್ತಾ ಬಂದಿದೆ. ನಮ್ಮಲ್ಲಿ 2024ರ ಚುನಾವಣೆಗೆ ಮುಂಚೆ ಸಿಎಸ್‌ಡಿಎಸ್-ಲೋಕನೀತಿ ಎಂಬ ಸಂಶೋಧನಾ ಸಂಸ್ಥೆ ಮಾಡಿದ ಸಮೀಕ್ಷೆಯಲ್ಲಿ ಮೇಲೆ ಬಂದದ್ದು ನಿರುದ್ಯೋಗ ಮತ್ತು ಬೆಲೆಯೇರಿಕೆ. ಆ ಅಕ್ಕ ಎರಡು ಸಲವೂ ಸುಳ್ಳು ಹೇಳಿಲ್ಲ. ಒಂದು ಪ್ರಶ್ನೆ ಕಾಳಜಿಯನ್ನು ಅಳೆಯುತ್ತದೆ, ಇನ್ನೊಂದು ಅದರ ಸರದಿಯನ್ನು. ಮತ ಹಾಕುವಾಗ ಒಂದೇ ಬಟನ್ ಒತ್ತುವುದಲ್ವಾ? ಅಲ್ಲಿ ಸರದಿಯೇ ಗೆಲ್ಲುತ್ತದೆ.

2024ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇನ್ನೊಂದು ಸೋರಿಕೆಯನ್ನು ತೋರಿಸಿತು. 125 ದೇಶಗಳಲ್ಲಿ ಸುಮಾರು 1.3 ಲಕ್ಷ ಜನರನ್ನು ಮಾತಾಡಿಸಿದ್ದರು. ಹವಾಮಾನ ಬದಲಾವಣೆ ತಡೆಯಲು ಸರ್ಕಾರ ಇನ್ನೂ ಜಾಸ್ತಿ ಮಾಡಬೇಕು ಅಂದವರು 89%. ತಿಂಗಳ ಸಂಪಾದನೆಯಲ್ಲಿ 1% ಕೊಡಲು ತಯಾರು ಅಂದವರು 69%. ಆದರೆ ನಿಮ್ಮ ದೇಶದಲ್ಲಿ ಇನ್ನೆಷ್ಟು ಜನ ಹೀಗೆ ಕೊಟ್ಟಾರು ಅಂತ ಕೇಳಿದಾಗ ಸರಾಸರಿ ಉತ್ತರ 43%. "ನನಗೆ ಬೇಕು, ಪಕ್ಕದ ಮನೆಯವನಿಗೆ ಬೇಡ" ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಪಕ್ಕದ ಮನೆಯವನೂ ಸೇರಿ. ಹೀಗಿರುವಾಗ ಗೆಲ್ಲದ ಅಭ್ಯರ್ಥಿಗೆ ಮತ ಹಾಕಿ ವೇಸ್ಟ್ ಮಾಡುವವರು ಯಾರು?

ಆ ವೇಸ್ಟ್ ಆಗುವ ಭಯವೂ ಸುಮ್ನೆ ಹುಟ್ಟಿದ್ದಲ್ಲ. 1983ರಲ್ಲಿ ಪಶ್ಚಿಮ ಜರ್ಮನಿಯ ಗ್ರೀನ್ ಪಕ್ಷಕ್ಕೆ ಬಿದ್ದದ್ದು 5.6% ಮತ. ಸಂಸತ್ತಿನಲ್ಲಿ 27 ಸೀಟು ಸಿಕ್ಕಿತು. 1989ರಲ್ಲಿ, ಅಂದರೆ ಕಾರಂತರು ನಿಂತ ವರ್ಷವೇ, ಬ್ರಿಟನ್ನಿನಲ್ಲಿ ಯುರೋಪಿಯನ್ ಸಂಸತ್ತಿನ ಚುನಾವಣೆ ನಡೆಯಿತು. ಅಲ್ಲಿನ ಗ್ರೀನ್ ಪಕ್ಷಕ್ಕೆ ಹತ್ತಿರ ಹತ್ತಿರ 15% ಮತ ಬಂತು, ಸೀಟು ಸೊನ್ನೆ. ಜರ್ಮನಿಯಲ್ಲಿ 5% ದಾಟಿದ ಪಕ್ಷಕ್ಕೆ ಮತದ ಪಾಲಿನಷ್ಟು ಸೀಟು. ಬ್ರಿಟನ್ನಿನಲ್ಲಿ ಆಗ ನಮ್ಮ ಹಾಗೆಯೇ: ಕ್ಷೇತ್ರದಲ್ಲಿ ಯಾರಿಗೆ ಜಾಸ್ತಿಯೋ ಅವರಿಗೆ ಎಲ್ಲ, ಉಳಿದವರಿಗೆ ಚೊಂಬು. ಇಂಥ ಕಡೆ ಕಣ ಎರಡು ಪಕ್ಷಗಳಿಗೆ ಕುಗ್ಗುತ್ತದೆ ಅಂತ ಫ್ರೆಂಚ್ ರಾಜ್ಯಶಾಸ್ತ್ರಜ್ಞ ಮಾರಿಸ್ ಡ್ಯುವರ್ಜೆ 1950ರ ಹೊತ್ತಿಗೇ ವಿವರಿಸಿದ್ದರು. ಹಸಿರು ಪಕ್ಷಗಳು ಅಡ್ಡಡ್ಡ ಹಂಚಿಹೋದ ಮತದವು. ಎಲ್ಲ ಊರಲ್ಲೂ ಸ್ವಲ್ಪ ಸ್ವಲ್ಪ, ಯಾವ ಊರಲ್ಲೂ ಸಾಕಷ್ಟು ಇಲ್ಲ. ದಕ್ಷಿಣ ಕನ್ನಡದ ಲೋಕಸಭಾ ಕ್ಷೇತ್ರದಲ್ಲಂತೂ 1991ರಿಂದ ಒಂದೇ ಪಕ್ಷ ಗೆಲ್ಲುತ್ತಾ ಬಂದಿದೆ. ಅಲ್ಲಿ ಮೂರನೆಯವನು ಠೇವಣಿ ಉಳಿಸಿಕೊಳ್ಳಲು ಬೇಕಾದ ಆರನೇ ಒಂದು ಪಾಲು ಮತ ಪಡೆಯುವುದೇ ದೊಡ್ಡ ಮಾತು.

ಸರಿ, ದೊಡ್ಡ ಪಕ್ಷಗಳೇ ಈ ವಿಷಯ ಎತ್ತಿಕೊಳ್ಳಬಹುದಲ್ಲ? ಎತ್ತಿಕೊಳ್ಳುತ್ತವೆ, ಅದೇ ತೊಂದರೆ. 1963ರಲ್ಲಿ ಡೊನಾಲ್ಡ್ ಸ್ಟೋಕ್ಸ್ ಎಂಬ ಅಮೆರಿಕದ ವಿದ್ವಾಂಸ ಚುನಾವಣಾ ವಿಷಯಗಳನ್ನು ಎರಡು ಬಗೆಯಾಗಿ ನೋಡಿದ. ಕೆಲವಕ್ಕೆ ಪರ ವಿರೋಧ ಎರಡೂ ಇರುತ್ತವೆ. ಕೆಲವಕ್ಕೆ ವಿರೋಧವೇ ಇರುವುದಿಲ್ಲ. ಶುದ್ಧ ನದಿ ಬೇಡ ಅನ್ನುವ ಪಕ್ಷ ಎಲ್ಲಾದರೂ ಉಂಟಾ? ಎಲ್ಲರ ಪ್ರಣಾಳಿಕೆಯಲ್ಲೂ ಹಸಿರು ಇದ್ದರೆ ಅದನ್ನು ನೋಡಿ ಯಾರನ್ನು ಆರಿಸುವುದು?

ಎತ್ತಿನಹೊಳೆ ಇದಕ್ಕೆ ನಮ್ಮದೇ ಉದಾಹರಣೆ. ಸಕಲೇಶಪುರದ ಹತ್ತಿರ ನೇತ್ರಾವತಿಗೆ ಸೇರುವ ಹಳ್ಳಗಳಿಂದ ಸುಮಾರು 24 ಟಿಎಂಸಿ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಯೋಜನೆ. 2012ರಲ್ಲಿ ಬಿಜೆಪಿ ಸರ್ಕಾರ ಒಪ್ಪಿಗೆ ಕೊಟ್ಟಿತು. 2014ರಲ್ಲಿ ಕಾಂಗ್ರೆಸ್ ಸರ್ಕಾರ ಅಡಿಗಲ್ಲು ಹಾಕಿತು. ಅಂದಾಜು ವೆಚ್ಚ 8,323 ಕೋಟಿಯಿಂದ 23,000 ಕೋಟಿ ದಾಟಿತು. 2024ರ ಗೌರಿ ಹಬ್ಬದ ದಿನ ಮೊದಲ ಹಂತ ಉದ್ಘಾಟನೆಯಾಯಿತು. ಕರಾವಳಿಯಲ್ಲಿ ಬಂದ್, ಪಾದಯಾತ್ರೆ, ಮೊಕದ್ದಮೆ ಎಲ್ಲ ನಡೆದವು. ಆದರೆ ಈ ಯೋಜನೆ ಬೇಡ ಅನ್ನುವ ಮಂಗಳೂರಿನ ಮತದಾರ ಯಾವ ಬಟನ್ ಒತ್ತಬೇಕಿತ್ತು? ಆ ಕಡೆ ಬಯಲುಸೀಮೆಯಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದ ಜನರಿದ್ದಾರೆ, ಅವರದ್ದೂ ಮತವೇ. ಎಣಿಸಿ ನೋಡಿದರೆ ಅವರ ಕ್ಷೇತ್ರಗಳೇ ಜಾಸ್ತಿ.

ಇನ್ನೊಂದು ಸಂಗತಿಯನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಅದು ಕ್ಯಾಲೆಂಡರ್. 2011ರಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯಾದ ಜನರನ್ನು ಮಾತಾಡಿಸಿದ ಒಂದು ಅಧ್ಯಯನ ಬಂತು. ಆ ದಿನ ಮಾಮೂಲಿಗಿಂತ ಸೆಕೆ ಜಾಸ್ತಿ ಅಂತ ಅನಿಸಿದವರು ಭೂಮಿ ಬಿಸಿಯಾಗುತ್ತಿದೆ ಅನ್ನುವುದನ್ನು ಹೆಚ್ಚು ನಂಬುತ್ತಿದ್ದರು, ಹೆಚ್ಚು ಚಿಂತೆ ಮಾಡುತ್ತಿದ್ದರು. ಮನಸ್ಸು ದೊಡ್ಡ ಪ್ರಶ್ನೆಗೆ ಇವತ್ತಿನ ಬೆವರನ್ನೇ ಸಾಕ್ಷಿ ಮಾಡಿಕೊಳ್ಳುತ್ತದೆ.

ಈಗ ನಮ್ಮ ಲೆಕ್ಕ ನೋಡಿ. 2019ರಲ್ಲಿ ಇಲ್ಲಿ ಲೋಕಸಭೆಗೆ ಮತ ಹಾಕಿದ್ದು ಏಪ್ರಿಲ್ 18ಕ್ಕೆ. ಬಜೆಯಲ್ಲಿ ಸ್ವರ್ಣಾ ನದಿಯ ತಳ ಕಂಡದ್ದು, ಮಂಗಳೂರಿನಲ್ಲಿ ಸರದಿ ಮೇಲೆ ನೀರು ಬಿಟ್ಟದ್ದು ಮೇ ತಿಂಗಳಲ್ಲಿ. ಮತ ಆಗಿಹೋಗಿತ್ತು. ಕಡಲ್ಕೊರೆತ ಜೂನ್, ಜುಲೈನದ್ದು. ಉಳ್ಳಾಲದಲ್ಲಿ, ಸೋಮೇಶ್ವರ ಉಚ್ಚಿಲದಲ್ಲಿ ತೆಂಗಿನಮರ ಬುಡಸಮೇತ ಮಗುಚುವ ಹೊತ್ತಿಗೆ ಗೆದ್ದವರು ಪ್ರಮಾಣವಚನ ತೆಗೆದುಕೊಂಡಾಗಿರುತ್ತದೆ. ನಮ್ಮ ದೊಡ್ಡ ಚುನಾವಣೆಗಳು ಈಚೆಗೆ ಏಪ್ರಿಲ್-ಮೇಯಲ್ಲೇ ನಡೆಯುತ್ತಿವೆ. ಮತದಾರ ಕ್ಯೂನಲ್ಲಿ ನಿಂತಾಗ ಕಣ್ಣೆದುರು ಇರುವುದು ಹೆಚ್ಚೆಂದರೆ ನೀರಿನ ಕೊರತೆ. ಅದಕ್ಕೆ ಅಭ್ಯರ್ಥಿ ಬಳಿ ಸಿದ್ಧ ಉತ್ತರ ಇದೆ: ಟ್ಯಾಂಕರ್.

ಟ್ಯಾಂಕರ್ ಅಂದರೆ ತಮಾಷೆ ಅಲ್ಲ, ಅದರ ಹಿಂದೆ ಒಂದು ದೊಡ್ಡ ಸಂಶೋಧನೆಯೇ ಇದೆ. ಆಂಡ್ರ್ಯೂ ಹೀಲಿ ಮತ್ತು ನೀಲ್ ಮಲ್ಹೋತ್ರಾ ಎಂಬ ಸಂಶೋಧಕರು 2009ರಲ್ಲಿ ಅಮೆರಿಕದ ಚುನಾವಣೆಗಳನ್ನು ಪ್ರಕೃತಿ ವಿಕೋಪದ ಖರ್ಚಿನ ಜೊತೆ ಹೋಲಿಸಿ ನೋಡಿದರು. ವಿಕೋಪ ಆದ ಮೇಲೆ ಕೊಟ್ಟ ಪರಿಹಾರಕ್ಕೆ ಮತ ಬರುತ್ತದೆ. ವಿಕೋಪ ಆಗದ ಹಾಗೆ ಮೊದಲೇ ಮಾಡಿದ ಖರ್ಚಿಗೆ ಬರುವುದಿಲ್ಲ. ಅವರ ಲೆಕ್ಕದಲ್ಲಿ ಮುನ್ನೆಚ್ಚರಿಕೆಗೆ ಹಾಕಿದ ಒಂದು ಡಾಲರ್ ಮುಂದಿನ ಸುಮಾರು 15 ಡಾಲರ್ ನಷ್ಟ ಉಳಿಸುತ್ತದೆ, ಆದರೂ ಬರುವುದಿಲ್ಲ. ಜರ್ಮನಿಯಲ್ಲೂ ಹೀಗೆಯೇ. 2002ರ ಆಗಸ್ಟ್‌ನಲ್ಲಿ ಎಲ್ಬೆ ನದಿ ಉಕ್ಕಿತು. ಆಗಿನ ಸರ್ಕಾರ ಧಾರಾಳವಾಗಿ ಪರಿಹಾರ ಕೊಟ್ಟಿತು. ಮರುತಿಂಗಳ ಚುನಾವಣೆಯಲ್ಲಿ ನೆರೆ ಬಂದ ಪ್ರದೇಶಗಳಲ್ಲಿ ಆಡಳಿತ ಪಕ್ಷದ ಮತ ಸುಮಾರು 7 ಶೇಕಡಾ ಅಂಶ ಏರಿತ್ತು. ಪ್ರತಿ ಮಳೆಗಾಲದಲ್ಲಿ ನಮ್ಮ ಕಡಲತೀರಕ್ಕೆ ಲಾರಿಯಲ್ಲಿ ಕಲ್ಲು ಬಂದು ಬೀಳುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಲ್ಲು ಹಾಕುವುದು ಕಾಣುತ್ತದೆ, ಫೋಟೋ ಬರುತ್ತದೆ. ತೀರದಲ್ಲಿ ಮರಳು ಸರಿದಾಡುವ ಜಾಗವನ್ನು ಮುಟ್ಟದೆ ಹಾಗೇ ಬಿಟ್ಟರೆ ಏನೂ ಕಾಣುವುದಿಲ್ಲ.

ಹಾಗಾದರೆ ಇಲ್ಲಿ ಪರಿಸರ ಎಂದೂ ಚುನಾವಣೆಯ ವಿಷಯ ಆಗಿಯೇ ಇಲ್ಲವೇ? ಆಗಿದೆ, ಉಲ್ಟಾ. ಕಸ್ತೂರಿ ರಂಗನ್ ವರದಿ 2013ರಲ್ಲಿ ಪಶ್ಚಿಮ ಘಟ್ಟದ ಸುಮಾರು 60,000 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶ ಮಾಡಬೇಕು ಅಂದಿತು. ಅದರಲ್ಲಿ ಕರ್ನಾಟಕದ್ದು 20,668. ಬೈಂದೂರು, ಬೆಳ್ತಂಗಡಿ, ಸುಳ್ಯದ ಕಡೆಯ ಹಳ್ಳಿಗಳಲ್ಲಿ ಈ ಹೆಸರು ಗೊತ್ತಿಲ್ಲದವರಿಲ್ಲ. ವರದಿ ಬಂದರೆ ತೋಟ ಮಾಡುವಂತಿಲ್ಲವಂತೆ, ಮನೆ ಕಟ್ಟುವಂತಿಲ್ಲವಂತೆ ಅಂತ ಸುದ್ದಿ ಹಬ್ಬಿತು. ವರದಿಯಲ್ಲಿ ನಿಷೇಧವಿದ್ದದ್ದು ಗಣಿ, ಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ, ದೊಡ್ಡ ಕಟ್ಟಡ ಯೋಜನೆ ಇಂಥವಕ್ಕೆ. ಅದನ್ನು ಬಿಡಿಸಿ ಹೇಳುವವರು ಆ ಹಳ್ಳಿಗಳಿಗೆ ಹೋಗಲೇ ಇಲ್ಲ. ಹೋದದ್ದು ಹೆದರಿಸುವವರು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಿತು. ಕೇರಳದ ಇಡುಕ್ಕಿಯಲ್ಲಿ ಇನ್ನೂ ಮುಂದೆ ಹೋಯಿತು. 2014ರಲ್ಲಿ ಇದೇ ವರದಿಯ ವಿರುದ್ಧದ ಅಲೆಯಲ್ಲಿ, ಎಡರಂಗದ ಬೆಂಬಲದೊಂದಿಗೆ, ಜಾಯ್ಸ್ ಜಾರ್ಜ್ ಎಂಬ ಪಕ್ಷೇತರ ಲೋಕಸಭೆಗೇ ಗೆದ್ದರು.

ಇದನ್ನು ನೋಡಿ ಘಟ್ಟದ ಬುಡದ ರೈತನಿಗೆ ಕಾಡು ಬೇಡ ಅಂತ ತೀರ್ಮಾನಿಸುವುದು ತಪ್ಪು. ಹೊಟ್ಟೆ ತುಂಬಿದ ಮೇಲೆಯೇ ಹಸಿರಿನ ಚಿಂತೆ ಅಂತ ಅಮೆರಿಕದ ರಾಜ್ಯಶಾಸ್ತ್ರಜ್ಞ ರೊನಾಲ್ಡ್ ಇಂಗಲ್‌ಹಾರ್ಟ್ 1970ರ ದಶಕದಲ್ಲಿ ಯುರೋಪಿನ ಸಮೀಕ್ಷೆಗಳನ್ನು ಮುಂದಿಟ್ಟುಕೊಂಡು ವಾದಿಸಿದ್ದರು. ಇತಿಹಾಸಕಾರ ರಾಮಚಂದ್ರ ಗುಹಾ, ಸ್ಪೇನಿನ ಅರ್ಥಶಾಸ್ತ್ರಜ್ಞ ಜೊವಾನ್ ಮಾರ್ಟಿನೆಜ್ ಅಲಿಯೆರ್ ಇದನ್ನು ಒಪ್ಪಲಿಲ್ಲ. ಕಾಡು, ನೀರು, ಮೀನನ್ನೇ ನಂಬಿದ ಬಡವರು ಎಲ್ಲರಿಗಿಂತ ಮೊದಲು ಬೀದಿಗಿಳಿಯುತ್ತಾರೆ ಅಂದರು. ನಮ್ಮ ಕರಾವಳಿಗೆ ಈ ಎರಡನೆಯ ಮಾತೇ ಹೊಂದುತ್ತದೆ. ಉಡುಪಿ ಜಿಲ್ಲೆಯ ನಂದಿಕೂರಿನಲ್ಲಿ 1,000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಹಾಕಲು ಬಂದಿದ್ದ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ 1999ರ ಕೊನೆಗೆ ಹಿಂದೆ ಸರಿಯಿತು. ಅಷ್ಟೂ ವರ್ಷ ಅದಕ್ಕೆ ಎದುರು ನಿಂತದ್ದು ಊರಿನ ಕೃಷಿಕರು, ಮೀನುಗಾರರು, ಕೋರ್ಟಿಗೆ ಓಡಾಡಿದ ಕೆಲವರು. ಕುದುರೆಮುಖದ ಗಣಿ 2005ರ ಕೊನೆಗೆ ನಿಂತದ್ದು ಸುಪ್ರೀಂ ಕೋರ್ಟಿನಿಂದ. ಅದೇ ಕಡೆಯ ಯೆಲ್ಲೂರಿನಲ್ಲಿ ಆಮೇಲೆ ಬಂದ 1,200 ಮೆಗಾವಾಟ್ ಕಲ್ಲಿದ್ದಲು ಸ್ಥಾವರದ ಮೇಲೆ 2022ರಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ಹಾಕಿದ್ದು ರಾಷ್ಟ್ರೀಯ ಹಸಿರು ಪೀಠ. ಕಾಳಜಿ ಮತಗಟ್ಟೆಗೆ ಹೋಗದೆ ಅಹವಾಲು ಸಭೆಗೆ, ಕೋರ್ಟಿಗೆ, ಹೆದ್ದಾರಿಗೆ ಹೋಯಿತು. ಅಲ್ಲಿ ಫಲ ಸಿಗುತ್ತದೆ ಅಂತ ಜನರಿಗೆ ಅನುಭವದಿಂದ ಗೊತ್ತಾಗಿದೆ.

ಆದರೂ ಮತದಲ್ಲಿ ಅದರ ಗುರುತೇ ಇಲ್ಲ ಅಂತ ಹೇಳಲು ಯಾರಾದರೂ ಸರಿಯಾಗಿ ಅಳೆದು ನೋಡಬೇಕಲ್ಲ. ಅಳೆಯುವ ದಾರಿ ಇದೆ. ಪ್ರತಿ ಲೋಕಸಭೆ, ವಿಧಾನಸಭೆ ಚುನಾವಣೆಯ ನಂತರ ಫಾರ್ಮ್ 20 ಅನ್ನುವ ಪಟ್ಟಿ ಹೊರಗೆ ಬರುತ್ತದೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಅಂತ ಅದರಲ್ಲಿರುತ್ತದೆ. ಯೆಲ್ಲೂರು ಕಾಪು ಕ್ಷೇತ್ರದಲ್ಲಿದೆ. ಸ್ಥಾವರದ ಮೊದಲ ಘಟಕ ಶುರುವಾದದ್ದು 2010ರ ಕೊನೆಗೆ. ಹಾಗಾಗಿ 2008 ಮತ್ತು 2013ರ ವಿಧಾನಸಭಾ ಚುನಾವಣೆಗಳನ್ನು ಪಕ್ಕಪಕ್ಕ ಇಟ್ಟರೆ ಮುಂಚೆ-ಆಮೇಲೆ ಸಿಕ್ಕಿತಲ್ಲ ಅನಿಸುತ್ತದೆ. ಅಷ್ಟು ಸುಲಭ ಇಲ್ಲ. 2008ರಲ್ಲಿ ಕಾಪುವಿನಲ್ಲಿ ಗೆದ್ದದ್ದು ಬಿಜೆಪಿ, 2013ರಲ್ಲಿ ಕಾಂಗ್ರೆಸ್. ಆದರೆ ಆ ವರ್ಷ ಬಿಜೆಪಿ ಒಡೆದಿತ್ತು, ಗಾಳಿ ಇಡೀ ಕರಾವಳಿಯಲ್ಲಿ ತಿರುಗಿತ್ತು. ದಕ್ಷಿಣ ಕನ್ನಡದ ಎಂಟರಲ್ಲಿ ಏಳು ಕ್ಷೇತ್ರ ಕಾಂಗ್ರೆಸ್ಸಿಗೆ ಹೋದವು. 2018ರಲ್ಲಿ ಅದೇ ಎಂಟರಲ್ಲಿ ಏಳು ಬಿಜೆಪಿಗೆ. ಐದು ವರ್ಷದಲ್ಲಿ ನದಿ, ಕಡಲು ಅಷ್ಟೇನೂ ಬದಲಾಗಿರಲಿಲ್ಲ.

ಆದ್ದರಿಂದ ಸಂಶೋಧಕರು ಒಂದರ ಬದಲು ಎರಡು ಊರು ತೆಗೆದುಕೊಳ್ಳುತ್ತಾರೆ. ಒಂದು ಹೊಗೆಗೊಳವೆಯ ನೆರಳಿನಲ್ಲಿರುವ ಊರು. ಇನ್ನೊಂದು ಅದೇ ಕ್ಷೇತ್ರದ್ದು, ಕಸುಬು, ಜಾತಿ, ವಿದ್ಯಾಭ್ಯಾಸದಲ್ಲಿ ಹೆಚ್ಚುಕಡಿಮೆ ಅದೇ ತರದ್ದು, ಆದರೆ ಸ್ಥಾವರದಿಂದ ದೂರ. ಎರಡೂ ಕಡೆ ಮತ ಎಷ್ಟೆಷ್ಟು ಸರಿಯಿತು ಅಂತ ನೋಡಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. ರಾಜ್ಯದ ಗಾಳಿ ಎರಡಕ್ಕೂ ಸಮ ಬೀಸಿದ್ದರಿಂದ ಅದು ಕಳೆದುಹೋಗುತ್ತದೆ. ಉಳಿದದ್ದರಲ್ಲಿ ಸ್ಥಾವರದ ಪಾಲು ಇರಬಹುದು. ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಗೂ ಇದನ್ನೇ ಮಾಡಬಹುದು. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ಗುಡ್ಡ ಜರಿದು ಮಂದಾರದ ಮನೆ, ತೋಟಗಳ ಮೇಲೆ ಬಂತು. 27 ಕುಟುಂಬಗಳನ್ನು ಬೇರೆ ಕಡೆ ಕಳಿಸಬೇಕಾಯಿತು. ಮೂರು ತಿಂಗಳಲ್ಲಿ ಪಾಲಿಕೆ ಚುನಾವಣೆ ಬಂತು. 60 ವಾರ್ಡಿನಲ್ಲಿ ಬಿಜೆಪಿಗೆ 44, ಕಾಂಗ್ರೆಸ್ಸಿಗೆ 14, ಎಸ್‌ಡಿಪಿಐಗೆ 2. ಈ ಮೂರು ಅಂಕಿಗಳಲ್ಲಿ ಕಸದ ವಾಸನೆ ಹಿಡಿಯಲು ಆಗುವುದಿಲ್ಲ. ಗುಡ್ಡದ ಕೆಳಗಿನ ಬೂತುಗಳನ್ನು ಬಿಡಿಬಿಡಿಯಾಗಿ ನೋಡಬೇಕು. ರಾಜ್ಯಶಾಸ್ತ್ರ ಎಂಎ ಮಾಡುವ ಯಾರಾದರೂ ಒಂದು ಪ್ರಾಜೆಕ್ಟ್ ಮಾಡಿದರೆ ಚೆನ್ನಾಗಿತ್ತು. ಹಳೆಯ ಫಾರ್ಮ್ 20ಗಳು ಎಷ್ಟೋ ಕಡೆ ಸ್ಕ್ಯಾನ್ ಮಾಡಿದ ಕಾಗದಗಳು. ಅಂಕಿಗಳನ್ನು ಕೈಯಲ್ಲೇ ಟೈಪ್ ಮಾಡಿಕೊಳ್ಳಬೇಕಾಗುತ್ತದೆ, ಬೂತಿನ ಗಡಿ ಮಧ್ಯದಲ್ಲಿ ಬದಲಾಗಿದೆಯೇ ಅಂತ ಮತದಾರರ ಪಟ್ಟಿ ಹಿಡಿದು ಮೊದಲೇ ನೋಡಿಕೊಳ್ಳಬೇಕು.