ಪದ ಪರಿಚಯ: ಲೋ-ವೋಲ್ಟೇಜ್ ಬ್ಯಾಟರಿ

ಇವಿ, ಅಂದ್ರೆ ಎಲೆಕ್ಟ್ರಿಕ್ ಗಾಡಿಗಳ ವಾಟ್ಸಾಪ್ ಗ್ರೂಪುಗಳಲ್ಲಿ ಈ ಥರದ ಮೆಸೇಜ್ ಬರೋದು ನಿಂತೇ ಇಲ್ಲ. "ಗಾಡಿ ಬ್ಯಾಟರಿ ಲೋ ವೋಲ್ಟೇಜ್ ಅಂತ ಬರ್ತಿದೆ, ರಾತ್ರಿ 78% ಇತ್ತು, ಬೆಳಗ್ಗೆ ಡೋರ್ ಕೂಡ ಓಪನ್ ಆಗ್ತಿಲ್ಲ, ಮೀಟರ್ ಸುಳ್ಳು ತೋರಿಸ್ತಿತ್ತಾ?" ಕೆಳಗೆ ಒಬ್ಬರು ಫುಲ್ ಚಾರ್ಜಿಗೆ ಹಾಕಿ ಸರ್ ಅಂತಾರೆ, ಇನ್ನೊಬ್ಬರು ಎಂಟು ವರ್ಷ ವಾರಂಟಿ ಇದೆಯಲ್ಲ ಕ್ಲೇಮ್ ಮಾಡಿ ಅಂತಾರೆ, ಮತ್ತೊಬ್ಬರು ಬ್ಯಾಟರಿ ಹೋದ್ರೆ ಲಕ್ಷಗಟ್ಟಲೆ ಖರ್ಚು, ಇದಕ್ಕೇ ನಾನು ಡೀಸೆಲ್ ತಗೊಂಡಿದ್ದು ಅಂತ ಶುರು ಹಚ್ಕೋತಾರೆ. ಮೂರೂ ತಪ್ಪು. ಮೂವರೂ ಮಾತಾಡ್ತಿರೋದು ಸೀಟಿನ ಕೆಳಗಿರೋ, ಗಾಡಿ ಓಡಿಸೋ ದೊಡ್ಡ ಬ್ಯಾಟರಿ ಪ್ಯಾಕ್ ಬಗ್ಗೆ, ಕೆಟ್ಟಿರೋದು ಬಾನೆಟ್ ಒಳಗಿರೋ 12 ವೋಲ್ಟಿನ ಸಣ್ಣ ಬ್ಯಾಟರಿ.

"ಲೋ-ವೋಲ್ಟೇಜ್ ಬ್ಯಾಟರಿ" ಅನ್ನೋದು ಒಂದು ಪಾರ್ಟಿನ ಹೆಸರು. "ಬ್ಯಾಟರಿ ಲೋ ವೋಲ್ಟೇಜ್" ಅನ್ನೋದು ಒಂದು ಸ್ಥಿತಿ. ಅಂಗಡಿಯಿಂದ ಈಗಷ್ಟೇ ತಂದ, ಪೂರ್ತಿ ಚಾರ್ಜ್ ಇರೋ 12 ವೋಲ್ಟ್ ಬ್ಯಾಟರಿನೂ ಲೋ-ವೋಲ್ಟೇಜ್ ಬ್ಯಾಟರಿನೇ. ಅದು ಸೊರಗಿದಾಗ ಲೋ-ವೋಲ್ಟೇಜ್ ಬ್ಯಾಟರಿಯ ವೋಲ್ಟೇಜ್ ಲೋ ಆಗಿದೆ ಅನ್ನಬೇಕಾಗತ್ತೆ, ಕೇಳೋಕೆ ವಿಚಿತ್ರ ಆದ್ರೂ ಸರಿಯಾದ ಮಾತು ಅದೇ.

ಈ ಗೊಂದಲಕ್ಕೆ ನಮ್ಮೂರಿನ ಕರೆಂಟೂ ಒಂದು ಕಾರಣ ಅನ್ಸತ್ತೆ. ಸಂಜೆ ಏಳು ಗಂಟೆಗೆ ಬಲ್ಬು ಮಂಕಾದ್ರೆ, ಮಿಕ್ಸಿ ತಿರುಗದೆ ಗುಂಯ್ ಅಂದ್ರೆ, ಪಂಪ್‌ಸೆಟ್ ನೀರು ಎತ್ತದೆ ಹೋದ್ರೆ "ಲೋ ವೋಲ್ಟೇಜು" ಅಂತ ಹೇಳಿ ಹೇಳಿ ಆ ಪದ ನಮ್ಮ ಕಿವಿಗೆ ದೂರಿನ ಥರಾನೇ ಕೇಳ್ಸತ್ತೆ. ಆದ್ರೆ ಎಲೆಕ್ಟ್ರಿಕಲ್‌ನವರಿಗೆ ಲೋ, ಹೈ ಅನ್ನೋದು ಬರೀ ವರ್ಗ. ಕರೆಂಟ್ ಆಫೀಸಿನ ಎಲ್‌ಟಿ, ಎಚ್‌ಟಿ ಕನೆಕ್ಷನ್ ಎಲ್ಲರಿಗೂ ಗೊತ್ತಿರೋದೇ, ಅದರಲ್ಲಿ ಎಲ್‌ಟಿ ಅಂದ್ರೆ ಲೋ ಟೆನ್ಷನ್. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 250 ವೋಲ್ಟ್ ತನಕ ಲೋ, 650ರ ತನಕ ಮೀಡಿಯಂ, 33,000ದ ತನಕ ಹೈ, ಅದರ ಮೇಲಿಂದು ಎಕ್ಸ್‌ಟ್ರಾ ಹೈ ಅಂತ ಇತ್ತು. ಅಂದ್ರೆ ಮುಟ್ಟಿದ್ರೆ ಜೀವ ತೆಗೆಯೋ ಮನೆಯ 230 ವೋಲ್ಟ್ ಕೂಡ ಆ ಲೆಕ್ಕದಲ್ಲಿ ಲೋ.

ಕಾರಿನ ಲೆಕ್ಕ ಬೇರೆ. ವಿಶ್ವಸಂಸ್ಥೆಯ ಆರ್100 ಅನ್ನೋ ವಾಹನ ನಿಯಮದಲ್ಲಿ ಡಿಸಿ 60 ವೋಲ್ಟ್ ಗೆರೆ, ಅದನ್ನ ದಾಟಿದ್ದೆಲ್ಲ ಹೈ. ಆ ಹೈ ಬದಿಯ ಕೇಬಲ್ಲುಗಳಿಗೇ ಕಿತ್ತಳೆ ಬಣ್ಣ ಇರೋದು, ಅದಕ್ಕೆ ನೀವು ಕೈ ಹಾಕಬಾರದು. ಈಗಿನ ಕಾರುಗಳ ದೊಡ್ಡ ಪ್ಯಾಕ್ ಸಾಮಾನ್ಯವಾಗಿ 300-400 ವೋಲ್ಟ್, ಹ್ಯುಂಡೈ ಅಯೋನಿಕ್ 5, ಕಿಯಾ ಇವಿ6 ಥರದವು 800 ವೋಲ್ಟ್ ವರ್ಗಕ್ಕೆ ಸೇರ್ತವೆ. ಈ ಗೆರೆ ಇಟ್ಕೊಂಡು ಬೆಂಗಳೂರಿನಲ್ಲೇ ಹುಟ್ಟಿದ ರೇವಾ ನೋಡಿ. 2001ರಲ್ಲಿ ರಸ್ತೆಗೆ ಬಂದ ಆ ಕಾರು ಓಡ್ತಿದ್ದಿದ್ದು ಎಂಟು 6 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿ ಸೇರಿಸಿದ 48 ವೋಲ್ಟಿನ ಮೇಲೆ, ಅಂದ್ರೆ ಅದರ ಮೈನ್ ಬ್ಯಾಟರಿನೇ ಇವತ್ತಿನ ಗೆರೆಯ ಕೆಳಗೆ. ಟೆಸ್ಲಾ ಸೈಬರ್‌ಟ್ರಕ್‌ನಲ್ಲೂ 48 ವೋಲ್ಟ್ ಇದೆ, ಆದ್ರೆ ಅಲ್ಲಿ ಅದು ಲೈಟು, ಕಿಟಕಿ, ಕಂಪ್ಯೂಟರ್ ನಡೆಸೋ ಸಣ್ಣ ಬ್ಯಾಟರಿ. ಹಾಗಾಗಿ ಲೋ-ವೋಲ್ಟೇಜ್ ಅಂದ ತಕ್ಷಣ 12 ಅಂತಲೂ ಇಲ್ಲ, ನಮ್ಮ ಬಹುಪಾಲು ಕಾರುಗಳಲ್ಲಿ 12 ಇರೋದ್ರಿಂದ ಆ ರೂಢಿ ಬಂದಿದೆ ಅಷ್ಟೇ.

ಕಂಪನಿ ಮ್ಯಾನ್ಯುಯಲ್ಲುಗಳಲ್ಲಿ ಇದಕ್ಕೆ "ಆಕ್ಸಿಲರಿ ಬ್ಯಾಟರಿ" ಅಂತಲೂ ಹೆಸರಿದೆ, ಅದರಿಂದ ಇನ್ನೊಂದು ಅನಾಹುತ. ಆಕ್ಸಿಲರಿ ಅಂದ್ರೆ ಸ್ಟೆಪ್ನಿ ಥರ ಹೆಚ್ಚುವರಿಗೆ ಇಟ್ಟಿರೋದು, ಇಲ್ಲದಿದ್ರೂ ಗಾಡಿ ಓಡತ್ತೆ ಅಂದ್ಕೊಂಡವರು ತುಂಬಾ ಜನ. ಓಡೋದಿರಲಿ, ಅದಿಲ್ಲದೆ ಕಾರು ಎಚ್ಚರಾನೇ ಆಗಲ್ಲ. ದೊಡ್ಡ ಪ್ಯಾಕ್ ಒಳಗೆ ಕಾಂಟ್ಯಾಕ್ಟರ್ ಅಂತ ದಪ್ಪ ರಿಲೇಗಳಿರತ್ವೆ, ಅಂದ್ರೆ ಕರೆಂಟಿನಿಂದ ನಡೆಯೋ ಸ್ವಿಚ್ಚುಗಳು, ಸ್ಪ್ರಿಂಗ್ ಅವನ್ನ ಸದಾ ತೆರೆದೇ ಇಟ್ಟಿರತ್ತೆ, ಅಂದ್ರೆ ಗಾಡಿ ಆಫ್ ಇದ್ದಾಗ ಪ್ಯಾಕಿನ ಕರೆಂಟ್ ಪ್ಯಾಕ್ ಬಿಟ್ಟು ಆಚೆ ಬರಲ್ಲ. ಅವು ಮುಚ್ಚಬೇಕು ಅಂದ್ರೆ ಅವುಗಳ ಕಾಯಿಲ್‌ಗೆ 12 ವೋಲ್ಟ್ ಹೋಗಬೇಕು, ಗಾಡಿ ಆನ್ ಮಾಡಿದಾಗ ಸೀಟಿನ ಕೆಳಗಿಂದ ಕೇಳೋ ಟಕ್ ಅನ್ನೋ ಸದ್ದು ಅದೇ. ಆಕ್ಸಿಡೆಂಟ್ ಆದಾಗ 12 ವೋಲ್ಟ್ ಕಡಿದು ಹೋದ್ರೆ ಕಾಂಟ್ಯಾಕ್ಟರ್ ತಾನಾಗೇ ತೆರೆದುಕೊಳ್ಳಲಿ, ಜನ ಉಳೀಲಿ ಅಂತಲೇ ಹೀಗೆ ಮಾಡಿರೋದು. ಇದನ್ನ ಡಿಸೈನ್ ದೋಷ ಅನ್ನೋರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ.

ಇದು ತಿಳಿದ್ರೆ "ಫುಲ್ ಚಾರ್ಜಿಗೆ ಹಾಕಿ" ಅನ್ನೋ ಸಲಹೆ ಯಾಕೆ ದಂಡ ಅಂತಲೂ ತಿಳಿಯತ್ತೆ. ಚಾರ್ಜಿಂಗ್ ಗನ್ ಚುಚ್ಚಿದ ಮೇಲೆ ಕಾರು ಮತ್ತು ಚಾರ್ಜರ್ ಮೊದಲು ಮಾತಾಡಿಕೊಳ್ಳಬೇಕು, ಕಾರಿನ ಕಡೆಯಿಂದ ಮಾತಾಡೋ ಕಂಪ್ಯೂಟರ್ ನಡೆಯೋದು ಇದೇ 12 ವೋಲ್ಟಿನಲ್ಲಿ, ಅದು ಸತ್ತಿದ್ರೆ ಬಹುಪಾಲು ಕಾರುಗಳಲ್ಲಿ ಚಾರ್ಜಿಂಗ್ ಶುರುನೇ ಆಗಲ್ಲ. ತಳ್ಳಿ ಸ್ಟಾರ್ಟ್ ಮಾಡೋ ಮಾತಂತೂ ಬಿಟ್ಟುಬಿಡಿ.

ಪೆಟ್ರೋಲ್ ಗಾಡಿಲಿ ಬ್ಯಾಟರಿ ಸಾಯೋ ಮುಂಚೆ ಸೆಲ್ಫ್ ಎಳೆದಾಡತ್ತೆ, ಆ ಸದ್ದಿನಲ್ಲೇ ಗೊತ್ತಾಗತ್ತೆ. ಸೆಲ್ಫ್‌ಗೆ ನೂರಾರು ಆಂಪ್ ಬೇಕು. ಇವಿಯಲ್ಲಿ ಸೆಲ್ಫೇ ಇಲ್ಲ, ಕಂಪ್ಯೂಟರ್ ಎಬ್ಬಿಸಿ ಕಾಂಟ್ಯಾಕ್ಟರ್ ಮುಚ್ಚೋಕೆ ಅಷ್ಟೆಲ್ಲ ಬೇಡ, ಅದಕ್ಕೇ ಮುಕ್ಕಾಲು ಸತ್ತಿರೋ ಬ್ಯಾಟರಿನೂ ತಿಂಗಳುಗಟ್ಟಲೆ ಚೆನ್ನಾಗಿರೋ ಥರ ನಡೆದು ಒಂದಿನ ಇದ್ದಕ್ಕಿದ್ದಂತೆ ನಿಲ್ಲತ್ತೆ. ನಿಲ್ಲೋ ಮುಂಚೆ ಸಂಬಂಧವೇ ಇಲ್ಲದ ವಾರ್ನಿಂಗುಗಳು ಒಟ್ಟಿಗೆ ಬರಬಹುದು, ಸ್ಟೇರಿಂಗ್ ಅಂತೆ, ಎಬಿಎಸ್ ಅಂತೆ, ಏರ್‌ಬ್ಯಾಗ್ ಅಂತೆ. ಆಪ್ ಕನೆಕ್ಟ್ ಆಗಲ್ಲ, ಸ್ಕ್ರೀನ್ ತಾನಾಗೇ ರೀಸ್ಟಾರ್ಟ್ ಆಗತ್ತೆ. ಇಷ್ಟು ಕಂಡ ಕೂಡಲೇ ಸಾಫ್ಟ್‌ವೇರ್ ಬಗ್ ಅಂತ ತೀರ್ಪು ಕೊಡೋ ಮೊದಲು ವೋಲ್ಟ್ ಅಳೆಯೋ ಒಂದು ಮಲ್ಟಿಮೀಟರ್ ಹಿಡಿದು ನೋಡಿ.

ಲೆಡ್-ಆಸಿಡ್‌ನಲ್ಲಿ ಆರು ಸೆಲ್, ಒಂದೊಂದೂ ಸುಮಾರು 2.1 ವೋಲ್ಟ್, ಹಾಗಾಗಿ ರಾತ್ರಿಯೆಲ್ಲ ಸುಮ್ಮನೆ ನಿಂತ ಗಾಡಿಲಿ 12.6ರ ಆಸುಪಾಸು ಬಂದ್ರೆ ತುಂಬಿದೆ ಅಂತ, 12.2 ಅಂದ್ರೆ ಸುಮಾರು ಅರ್ಧ, 12ರ ಕೆಳಗೆ ಅಂದ್ರೆ ಹೆಚ್ಚುಕಮ್ಮಿ ಖಾಲಿ. ಆಮೇಲೆ ಗಾಡಿ ರೆಡಿಗೆ ಹಾಕಿ, ಅಂದ್ರೆ ಓಡೋಕೆ ಸಿದ್ಧ ಅನ್ನೋ ಹಾಗೆ ಆನ್ ಮಾಡಿ, ಮತ್ತೆ ನೋಡಿ. ಪೆಟ್ರೋಲ್ ಗಾಡಿಲಿ ಬ್ಯಾಟರಿ ತುಂಬೋ ಆಲ್ಟರ್ನೇಟರ್ ಜಾಗದಲ್ಲಿ ಇವಿಯಲ್ಲಿ ಡಿಸಿ-ಡಿಸಿ ಕನ್ವರ್ಟರ್ ಅಂತ ಇದೆ, ದೊಡ್ಡ ಪ್ಯಾಕಿನಿಂದ ತಗೊಂಡು ಸಣ್ಣದಕ್ಕೆ ತುಂಬೋದು ಅದರ ಕೆಲಸ, ಅದು ಸರಿ ಇದ್ರೆ ರೀಡಿಂಗ್ 13 ದಾಟಿ ಸಾಮಾನ್ಯವಾಗಿ 14ರ ಹತ್ತಿರ ಹೋಗತ್ತೆ. ಹೋಗದೆ 12ರಲ್ಲೇ ಕೂತು ನಿಧಾನಕ್ಕೆ ಇಳೀತಿದ್ರೆ ತಪ್ಪು ಬ್ಯಾಟರಿದಲ್ಲ, ಹೊಸದು ಹಾಕಿದ್ರೆ ಅದೂ ಇಳಿಯತ್ತೆ. 2024ರಲ್ಲಿ ಹ್ಯುಂಡೈ, ಕಿಯಾ ಕಂಪನಿಗಳು ಅಯೋನಿಕ್ 5, ಇವಿ6 ಕಾರುಗಳನ್ನ ಅಮೆರಿಕದಲ್ಲೂ ಭಾರತದಲ್ಲೂ ವಾಪಸ್ ಕರೆದಿದ್ದು ಇದೇ ಜಾಗದ ತೊಂದರೆಗೆ, ಈ ಕನ್ವರ್ಟರ್ ಸೇರಿಕೊಂಡಿರೋ ಐಸಿಸಿಯು ಅನ್ನೋ ಯೂನಿಟ್ ಕೆಟ್ಟು 12 ವೋಲ್ಟ್ ಚಾರ್ಜ್ ಆಗೋದು ನಿಂತು ಗಾಡಿ ಓಡ್ತಾ ಓಡ್ತಾನೇ ಪವರ್ ಕಳ್ಕೊಳ್ಳೋ ಸಾಧ್ಯತೆ ಇತ್ತು.

ಬ್ಯಾಟರಿ ಬೇಗ ಸಾಯೋಕೆ ಬಿಸಿಲು ಒಂದು ಕಾರಣ, ರಾಯಚೂರು, ಕಲಬುರಗಿ ಕಡೆಯವರಿಗೆ ಹೇಳಬೇಕಿಲ್ಲ. ಅರ್ಧ ಖಾಲಿ ಇಟ್ಟೇ ನಿಲ್ಲಿಸೋದು ಇನ್ನೊಂದು, ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಗಟ್ಟಿ ಹರಳಾಗಿ ಕೂತ್ಕೊಂಡು ಮತ್ತೆ ಕರಗಲ್ಲ. ನನಗೆ ಮುಖ್ಯ ಅನ್ಸೋದು ಮಾತ್ರ ಹೊರಗಿನಿಂದ ಸಿಕ್ಕಿಸಿಕೊಳ್ಳೋ ಸಾಮಾನು. ಲೆಕ್ಕ ಹಾಕಿ, ನಿದ್ದೇಲಿರೋ ಕಾರು 50 ಮಿಲಿಆಂಪ್ ಎಳೆದ್ರೆ ದಿನಕ್ಕೆ 1.2 ಆಂಪ್-ಅವರ್, 35 ಆಂಪ್-ಅವರ್ ಬ್ಯಾಟರಿ ತಾನಾಗೇ ಸುಮಾರು ಒಂದು ತಿಂಗಳು ತಡೆಯತ್ತೆ. ಅದಕ್ಕೆ ಪಾರ್ಕಿಂಗ್ ಮೋಡ್ ಡ್ಯಾಶ್‌ಕ್ಯಾಮ್ ಡೈರೆಕ್ಟ್ ವೈರ್ ಕೊಟ್ಟು ಇನ್ನೊಂದು 300 ಮಿಲಿಆಂಪ್ ಸೇರಿಸಿದ್ರೆ ನಾಲ್ಕೈದು ದಿನಕ್ಕೆ ಖಾಲಿ. ಗಾಡಿಯ ಸರ್ವಿಸ್ ಪೋರ್ಟಿಗೆ ಸಿಕ್ಕಿಸೋ ಓಬಿಡಿ ಡಾಂಗಲ್ ಕಿತ್ತಿಡದೇ ಇರೋದು, ಗಾಡಿ ಹೇಗಿದೆ ಅಂತ ಆಪ್‌ನಲ್ಲಿ ಗಂಟೆಗೊಮ್ಮೆ ನೋಡಿ ಪಾಪ ಅದನ್ನ ಎಬ್ಬಿಸ್ತಾನೇ ಇರೋದು, ಇವೂ ಅದೇ ಸಾಲಿಗೆ ಸೇರ್ತವೆ. ನಿಂತಾಗ ದೊಡ್ಡ ಪ್ಯಾಕಿನಿಂದ ತಾವೇ ತುಂಬಿಕೊಳ್ಳೋ ಕಾರುಗಳಿವೆ, ಎಲ್ಲವೂ ಹಾಗಲ್ಲ, ನಿಮ್ಮದು ಯಾವುದು ಅಂತ ಊರಿಗೆ ಹೋಗೋ ಮುಂಚೆ ಮ್ಯಾನ್ಯುಯಲ್‌ನಲ್ಲಿ ನೋಡ್ಕೊಳ್ಳಿ.

ಸತ್ತೇ ಹೋಗಿದ್ರೆ ಕೀ ಫಾಬ್ ಒಳಗೆ ಅಡಗಿರೋ ಲೋಹದ ಕೀ ತೆಗೆದು ಡೋರ್ ತೆಗೀರಿ, ಬಾನೆಟ್ ಲಿವರ್ ಒಳಗಿರತ್ತೆ. ಬಾನೆಟ್ಟೂ ಕರೆಂಟಿನದೇ ಆಗಿರೋ ಕಾರುಗಳಿಗೆ ಬೇರೆ ದಾರಿ ಇಟ್ಟಿರ್ತಾರೆ, ಟೆಸ್ಲಾ ಮಾಡೆಲ್ 3ರಲ್ಲಿ ಮುಂದಿನ ಬಂಪರಿನ ಟೋ ಹುಕ್ ಮುಚ್ಚಳದ ಹಿಂದೆ ಎರಡು ವೈರ್ ಇದೆ, ಅದಕ್ಕೆ 12 ವೋಲ್ಟ್ ಕೊಟ್ರೆ ತೆರೆಯತ್ತೆ. ಆಮೇಲೆ ಜಂಪ್ ಪ್ಯಾಕ್ ಅಥವಾ ಪಕ್ಕದ ಪೆಟ್ರೋಲ್ ಕಾರಿನಿಂದ ಜಂಪ್ ತಗೋಬಹುದು, ಪ್ಲಸ್ ಮೊದಲು, ಮೈನಸ್ ಕ್ಲಿಪ್ ಕೊನೆಗೆ, ಅದೂ ಬ್ಯಾಟರಿಗಲ್ಲ, ಮ್ಯಾನ್ಯುಯಲ್ ತೋರಿಸಿರೋ ಬಾಡಿ ಮೆಟಲ್‌ಗೆ. ಒಂದ್ಸಲ ರೆಡಿ ಬಂದ್ರೆ ಕನ್ವರ್ಟರ್ ಮುಂದಿನದು ನೋಡ್ಕೊಳ್ಳತ್ತೆ, ತಕ್ಷಣ ಆಫ್ ಮಾಡಬೇಡಿ. ಆದ್ರೆ ನಿಮ್ಮ ಇವಿಯಿಂದ ಬೇರೆಯವರ ಡೀಸೆಲ್ ಗಾಡಿಗೆ ಜಂಪ್ ಕೊಡೋಕೆ ಹೋಗಬೇಡಿ, ಸೆಲ್ಫ್ ಎಳೆಯೋ ಆಂಪ್ ನಿಮ್ಮ ಸಣ್ಣ ಬ್ಯಾಟರಿಗೂ ಕನ್ವರ್ಟರಿಗೂ ಹೇಳಿ ಮಾಡಿಸಿದ್ದಲ್ಲ, ಬಹುಪಾಲು ಮ್ಯಾನ್ಯುಯಲ್‌ಗಳು ಬೇಡ ಅಂತಲೇ ಬರೆದಿರ್ತವೆ.

ಬದಲಾಯಿಸೋದಾದ್ರೆ ಗಾಡಿ ಪೂರ್ತಿ ಆಫ್, ಚಾರ್ಜರ್ ಕಿತ್ತು, ಮೊದಲು ಮೈನಸ್ ಬಿಚ್ಚಿ. ಎಜಿಎಂ (ಲೆಡ್-ಆಸಿಡ್‌ನಲ್ಲೇ ಒಂದು ಬಗೆ) ಇದ್ರೆ ಎಜಿಎಂನೇ ಹಾಕಿ, ಅಂಗಡಿಯವರು ಲಿಥಿಯಂ ಹಾಕ್ಕೊಡ್ತೀನಿ ಅಂದ್ರೆ ಬೇಡ ಅನ್ನಿ, ಚಾರ್ಜ್ ಆಗೋ ಕ್ರಮವೇ ಬೇರೆ. ಖರ್ಚು ಕೆಲವು ಸಾವಿರ, ಲಕ್ಷ ಅಲ್ಲ, ಮತ್ತೆ ಎಂಟು ವರ್ಷದ ವಾರಂಟಿ ಇರೋದು ದೊಡ್ಡ ಪ್ಯಾಕಿಗೆ, ಇದಕ್ಕೆ ಸಿಗೋದು ಸಾಮಾನ್ಯವಾಗಿ ಅದಕ್ಕಿಂತ ತುಂಬಾ ಕಮ್ಮಿ.

ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿದಾಗ "ಬ್ಯಾಟರಿ ಹೋಗಿದೆ" ಅಂತ ಮಾತ್ರ ಹೇಳಿದ್ರೆ ಅವರು ಚಾರ್ಜ್ ಖಾಲಿ ಅಂತ ಬರ್ಕೊಂಡು ಚಾರ್ಜಿಂಗ್ ಸ್ಟೇಷನ್ನಿಗೆ ಎಳ್ಕೊಂಡು ಹೋಗೋ ಏರ್ಪಾಟು ಮಾಡಬಹುದು. "12 ವೋಲ್ಟ್ ಬ್ಯಾಟರಿ ಡೌನ್ ಆಗಿದೆ, ಮೈನ್ ಪ್ಯಾಕ್‌ನಲ್ಲಿ ಚಾರ್ಜ್ ಇದೆ, ಜಂಪ್ ಪ್ಯಾಕ್ ತನ್ನಿ, ಹ್ಯಾಂಡ್‌ಬ್ರೇಕ್ ಎಲೆಕ್ಟ್ರಾನಿಕ್, ಬಿಡಿಸೋಕೆ ಆಗ್ತಿಲ್ಲ, ಟೋ ಮಾಡೋದಾದ್ರೆ ಫ್ಲಾಟ್‌ಬೆಡ್ಡೇ ಬೇಕು" ಅಂತ ಇಷ್ಟನ್ನೂ ಒಂದೇ ಉಸಿರಲ್ಲಿ ಹೇಳಿಬಿಡಿ.